ಎಲ್ಲ ಬಲ್ಲವರ ಮನೆಯ ಸೊಸೆ

ಮನೆಮಂದಿಯೆಲ್ಲ ಸೇರಿ ಒಂದು ತಂಡ ಕಟ್ಟಿಕೊಂಡು, ಒಬ್ಬೊಬ್ಬರಿಗೂ ಒಂದೊಂದು ಅತಿಮಾನುಷ ಶಕ್ತಿ ಇದ್ದು, ಲೋಕವನ್ನು ಕಾಪಾಡುವ ಚಿತ್ರಕಥೆಗಳು ಮಕ್ಕಳ ಪುಸ್ತಕಗಳಲ್ಲಿ ಬರುತ್ತವೆ. ಅಪ್ಪನಿಗೆ ಗೋಡೆಯಾಚೆಗಿನದು ಕಾಣುತ್ತದೆ, ಅಮ್ಮ ಬೆಂಕಿಯ ಮೇಲೆ ನಡೆಯುತ್ತಾಳೆ, ಮಗಳು ಹಾರುತ್ತಾಳೆ. ಓದಿದ ಮಕ್ಕಳಿಗೆಲ್ಲ ಅಂಥ ಮನೆಯಲ್ಲಿ ಹುಟ್ಟಬೇಕಿತ್ತು ಅನ್ನಿಸುತ್ತದೆ. ಅಂಥ ಮನೆಗೆ ಸೊಸೆಯಾಗಿ ಹೋದರೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾವ ಪುಸ್ತಕವೂ ಬರೆದಿಲ್ಲ. ನಾನು ಹೋಗಿದ್ದೆ. ಅದೂ ಒಂದು ಗುಟ್ಟನ್ನು ಟ್ರಂಕಿನ ತಳದಲ್ಲಿಟ್ಟುಕೊಂಡು ಹೋಗಿದ್ದೆ.

ಅರವತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಅಪ್ಪ ಹೊಸಕೋಟೆಯ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಅವರ ಕೈಯಲ್ಲಿ ಕಲಿತ ಮಕ್ಕಳು ಎಲ್ಲೆಲ್ಲೋ ಎಂಜಿನಿಯರುಗಳಾಗಿದ್ದರು. ಅವರ ಸ್ವಂತ ಮಗಳಾದ ನಾನು ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಹತ್ತೊಂಬತ್ತು ಅಂಕ ತೆಗೆದು ಫೇಲಾಗಿದ್ದೆ. ಆಮೇಲೆ ತೂಬಗೆರೆಯಿಂದ ಗಂಡಿನ ಕಡೆಯವರು ನೋಡಲು ಬಂದರು. "ಹುಡುಗಿ ಏನು ಓದಿದ್ದಾಳೆ?" ಎಂದು ಅವರು ಕೇಳಿದಾಗ ನನ್ನ ಸೋದರಮಾವ, "ಎಸ್ಸೆಸ್ಸೆಲ್ಸಿ ಆಗಿದೆ" ಅಂದರು. ಅದು ಸುಳ್ಳಲ್ಲ. ಆಗಿತ್ತು. ಸಿಡುಬು ಆಗಿದೆ ಅನ್ನುವ ಹಾಗೆ ನನಗೆ ಎಸ್ಸೆಸ್ಸೆಲ್ಸಿ ಆಗಿತ್ತು. ಅಪ್ಪ ಕಾಫಿ ಕುಡಿಯುತ್ತಿದ್ದರು. ಮದುವೆಯಾಯಿತು.

ಗಂಡನ ಮನೆಯಲ್ಲಿ ನಾವು ಐವರೇ. ನನ್ನ ಯಜಮಾನರು, ಅವರ ತಂದೆತಾಯಿ, ಮತ್ತೆ ಮಾವನ ತಾಯಿ. ಈ ಕೊನೆಯವರನ್ನು ಊರೆಲ್ಲ ಅಜ್ಜಿ ಅನ್ನುತ್ತಿತ್ತು, ನಾನೂ ಅಜ್ಜಿ ಅಂದೆ. ಅಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದು ಏನೂ ಕಾಣುತ್ತಿರಲಿಲ್ಲ. ಪಾಪ ಮುದುಕಿ ಅಂದುಕೊಂಡೆ. ಹೋದ ಎರಡನೆಯ ದಿನ ಅವರ ಹಿಂದಿನಿಂದ ಬರಿಗಾಲಲ್ಲಿ, ಸದ್ದಿಲ್ಲದೆ ಹಾದುಹೋಗುತ್ತಿದ್ದೆ. ಅಜ್ಜಿ ತಿರುಗದೆಯೇ, "ಸರೋಜಾ, ಎಡಗಾಲು ಹಿಮ್ಮಡಿ ಒಡೆದೈತೆ ಕಣೇ. ಹರಳೆಣ್ಣೆ ಹಚ್ಚು" ಅಂದರು. ನಾನು ನಿಂತಲ್ಲೇ ನಿಂತೆ. ಹಿಮ್ಮಡಿಯನ್ನು ಎತ್ತಿ ನೋಡಿಕೊಂಡರೆ ನಿಜವಾಗಿಯೂ ಒಡೆದಿತ್ತು. ನನಗೇ ಗೊತ್ತಿರಲಿಲ್ಲ.

ಇನ್ನು ಅತ್ತೆ. ಅವರ ಶಕ್ತಿ ಮೂಗಿನಲ್ಲಿತ್ತು. ನಾನು ಮೊದಲ ಸಲ ಒಬ್ಬಳೇ ಹಿಟ್ಟು ಬೇಯಿಸಿದ ದಿನ ಅತ್ತೆ ಹೊಲದಲ್ಲಿದ್ದರು. ಹಿಟ್ಟು ತಳ ಹಿಡಿಯಿತು. ಸೀದದ್ದನ್ನು ಎಮ್ಮೆಗೆ ತಿನ್ನಿಸಿ, ಪಾತ್ರೆಯನ್ನು ಬೂದಿ ಹಾಕಿ ಮೂರು ಸಲ ತಿಕ್ಕಿ, ಹೊಸದಾಗಿ ಮುದ್ದೆ ಕಟ್ಟಿಟ್ಟು, ಮುಖ ತೊಳೆದು ಕುಂಕುಮ ಇಟ್ಟುಕೊಂಡು ಕೂತಿದ್ದೆ. ಅತ್ತೆ ಬಂದವರು ಇನ್ನೂ ಹೊಸ್ತಿಲು ದಾಟಿರಲಿಲ್ಲ. "ತಳ ಹಿಡೀತಾ ಸರೋಜಾ?" ಅಂದರು. ಇಲ್ಲ ಅತ್ತೆ, ಅಂದೆ. ಅವರು ಬೇಜಾರೇನೂ ಮಾಡಿಕೊಳ್ಳದೆ, "ಹೋಗ್ಲಿ ಬಿಡು. ಎಮ್ಮೆಗೆ ಒಂದು ಬಕೆಟ್ ನೀರು ಇಡು, ಅದರ ಬಾಯೆಲ್ಲ ಸೀದ ವಾಸ್ನೆ ಬರ್ತೈತೆ" ಅಂದರು.

ಮಾವನದು ಅಂಕಿಯ ಶಕ್ತಿ. ಒಮ್ಮೆ ಕಣ್ಣಿಗೆ ಬಿದ್ದ ಸಂಖ್ಯೆ ಅವರ ತಲೆಯಿಂದ ಆಚೆ ಹೋಗುತ್ತಿರಲಿಲ್ಲ. ನನ್ನ ಅಪ್ಪ ಮೊದಲ ಸಲ ಬಂದು ಇಳಿದ ಬಸ್ಸಿನ ನಂಬರು, ನಮ್ಮ ಮದುವೆಯ ಚಪ್ಪರಕ್ಕೆ ಬಿದ್ದ ಬಿದಿರು ಗಳುಗಳ ಎಣಿಕೆ, ದೊಡ್ಡಬಳ್ಳಾಪುರದ ರೈಲ್ವೆ ಗೇಟಿನಲ್ಲಿ ಎಂದೋ ಹಾದುಹೋದ ಗೂಡ್ಸ್ ಗಾಡಿಗೆ ಎಷ್ಟು ಡಬ್ಬಿ ಇದ್ದವು ಎಂಬುದು, ಎಲ್ಲವನ್ನೂ ಊಟದ ಮಧ್ಯೆ ಸುಮ್ಮನೆ ಹೇಳುತ್ತಿದ್ದರು. ಪೇಪರನ್ನು ಮೊದಲ ಪುಟದಿಂದ ಟೆಂಡರು ನೋಟೀಸಿನವರೆಗೆ ಓದುತ್ತಿದ್ದರು. ಹತ್ತೊಂಬತ್ತು ಅಂಕದ ಸೊಸೆಗೆ ಇಂಥ ಮಾವನ ಎದುರು ಅನ್ನ ಬಡಿಸುವುದೆಂದರೆ ಎಷ್ಟು ಭಯ ಎಂದು ನೀವೇ ಯೋಚಿಸಿ.

ಯಜಮಾನರಿಗೆ ಯಾವ ಶಕ್ತಿಯೂ ಇಲ್ಲವೆಂದು ನಾನು ಬಹಳ ದಿನ ಸಮಾಧಾನದಿಂದಿದ್ದೆ. ದೊಡ್ಡಬಳ್ಳಾಪುರದ ಒಂದು ಕಚೇರಿಯಲ್ಲಿ ಗುಮಾಸ್ತರು. ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗುವಾಗ ಹೇಗಿರುತ್ತಿದ್ದರೋ ಸಂಜೆ ಬರುವಾಗಲೂ ಹಾಗೇ. ಹಲ್ಲುನೋವು ಬಂದಾಗಲೂ, ಹಬ್ಬದ ದಿನ ಹೋಳಿಗೆ ಬಡಿಸಿದಾಗಲೂ ಮುಖ ಒಂದೇ. ಅದೂ ಒಂದು ಶಕ್ತಿ ಎಂದು ನನಗೆ ಹೊಳೆಯಲಿಲ್ಲ.

ಹೀಗೆ ಮೂರು ವರ್ಷ ಕಳೆದವು. ಆ ಮೂರು ವರ್ಷ ಫೇಲಾದ ಮಾರ್ಕ್ಸ್ ಕಾರ್ಡು ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಮಡಿಕೆಯೊಳಗೆ ಇತ್ತು. ಅಷ್ಟು ಹೆದರುವವಳು ತವರಿನಲ್ಲೇ ಬಿಟ್ಟು ಬರಬಾರದಿತ್ತೇ ಎಂದು ನೀವು ಕೇಳಬಹುದು. ಆ ಬುದ್ಧಿ ಇದ್ದಿದ್ದರೆ ಗಣಿತಕ್ಕೆ ಇನ್ನೂ ಒಂದಿಷ್ಟು ಅಂಕ ಬಂದಿರುತ್ತಿತ್ತು.

ಒಂದು ದಿನ ಬೆಳಿಗ್ಗೆ ಮಾವ ಪಂಚಾಯಿತಿಯಿಂದ ಬಂದವರೇ ಜಗಲಿಯ ಮೇಲೆ ಕೂತು ನನ್ನನ್ನು ಕರೆದರು. ಊರಿನ ಮಹಿಳಾ ಸಮಾಜದವರು ಬೇಸಿಗೆ ಕಳೆದ ಮೇಲೆ ಬಾಲವಾಡಿ ಶುರುಮಾಡುತ್ತಾರಂತೆ, ಮಕ್ಕಳಿಗೆ ಹಾಡು, ಅಕ್ಷರ ಹೇಳಿಕೊಡಲು ಊರಿನವರೇ ಒಬ್ಬ ಟೀಚರು ಬೇಕಂತೆ. "ಎಸ್ಸೆಸ್ಸೆಲ್ಸಿ ಆಗಿರೋರು ನಮ್ಮೂರಲ್ಲಿ ನೀನೊಬ್ಳೇ ಕಣಮ್ಮ. ನಿನ್ನ ಹೆಸ್ರೇ ಹೇಳ್ಬಿಟ್ಟು ಬಂದಿದೀನಿ. ಮಾರ್ಕ್ಸ್ ಕಾರ್ಡು ಒಂದು ಕೊಟ್ಬಿಡು" ಅಂದರು.

ನನಗೆ ಆ ಕೆಲಸ ಬೇಕಿತ್ತು. ಮಕ್ಕಳೆಂದರೆ ಪ್ರಾಣ, ಹಾಡಲು ಬರುತ್ತಿತ್ತು, ಮೇಷ್ಟ್ರ ಮಗಳೆಂಬ ಹೆಮ್ಮೆಯೂ ಒಂದು ಮೂಲೆಯಲ್ಲಿತ್ತು. ಆದರೆ ಬಾಯಿಂದ ಬಂದದ್ದು, "ಕಾರ್ಡು ಹೊಸಕೋಟೆಯಲ್ಲಿದೆ ಮಾವ" ಎಂಬ ಮಾತು. "ಅದಕ್ಕೇನಂತೆ, ಗುರುವಾರ ಆ ಕಡೆ ಹೋಗ್ತಿದೀನಿ, ಈಸ್ಕೊಂಡು ಬರ್ತೀನಿ" ಅಂದರು. ಒಳಗೆ ಹೋಗಿ ಒರಳಲ್ಲಿ ಖಾರ ರುಬ್ಬಲು ಕೂತೆ. ಪಡಸಾಲೆಯಿಂದ ಅಜ್ಜಿ, "ಯಾಕೇ, ಗುಂಡುಕಲ್ಲು ದಾರಿ ತಪ್ಪಿದಂಗೆ ತಿರುಗ್ತೈತೆ?" ಎಂದು ಕೇಳಿದರು.

ಇನ್ನು ತಡಮಾಡುವಂತಿರಲಿಲ್ಲ. ಅತ್ತೆ ಹಿತ್ತಲಿನಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು. ಟ್ರಂಕಿನಿಂದ ಕಾರ್ಡು ತೆಗೆದು ಸೆರಗಿನೊಳಗೆ ಮುಚ್ಚಿಕೊಂಡು ಬಂದು ಒಲೆಗೆ ಹಾಕಿದೆ. ಗಟ್ಟಿ ಕಾಗದ, ಸುಲಭಕ್ಕೆ ಹತ್ತಲಿಲ್ಲ. ಊದುಕೊಳವೆ ತೆಗೆದುಕೊಂಡು ಊದಿದೆ. ಒಂದು ಅಂಚು ಹತ್ತಿಕೊಳ್ಳುವಷ್ಟರಲ್ಲಿ ಹಿತ್ತಲಿನಿಂದ ಅತ್ತೆಯ ದನಿ ಬಂತು. "ಒಲೇಗೆ ಯಾರು ಅಚ್ಚು ಹಾಕಿದ ಕಾಗದ ಹಾಕಿದ್ದು? ಸರ್ಕಾರಿ ಇಂಕಿನ ವಾಸ್ನೆ." ಗಾಬರಿಯಿಂದ ಇಕ್ಕಳದಲ್ಲಿ ಕಾರ್ಡನ್ನು ಆಚೆ ಎಳೆದು ನೀರು ಚಿಮುಕಿಸಿದೆ. ಅಗ್ನಿದೇವನಿಗೆ ನನ್ನ ಮೇಲೆ ಏನು ಕೋಪವಿತ್ತೋ ತಿಳಿಯದು. ಕನ್ನಡಕ್ಕೆ ಅರವತ್ತೆಂಟು, ಇಂಗ್ಲಿಷಿಗೆ ಅರವತ್ತೊಂದು ಬಂದಿದ್ದ ಭಾಗವನ್ನೆಲ್ಲ ತಿಂದು, ಗಣಿತದ ಸಾಲನ್ನು ಮಾತ್ರ ಹಾಗೇ ಉಳಿಸಿದ್ದ.

ತಲೆ ಎತ್ತಿದರೆ ಅಡುಗೆಮನೆಯ ಬಾಗಿಲಲ್ಲಿ ಎಲ್ಲರೂ ಇದ್ದರು. ಅಂದು ಭಾನುವಾರವಾದ್ದರಿಂದ ಯಜಮಾನರೂ ಇದ್ದರು. ಮಾವ ಕಾರ್ಡನ್ನು ತೆಗೆದುಕೊಂಡು ನೋಡಿ, "ಹತ್ತೊಂಬತ್ತಾ? ನಾನು ಇಪ್ಪತ್ತರ ಮೇಲಿರಬೌದು ಅಂದ್ಕೊಂಡಿದ್ದೆ" ಅಂದರು.

ನನಗೆ ಅರ್ಥವಾಗಲಿಲ್ಲ. "ನಿಮಗೆ ಗೊತ್ತಿತ್ತಾ ಮಾವ?"

"ಹೆಣ್ಣು ನೋಡೋಕೆ ಬಂದಿದ್ವಲ್ಲ, ಅವತ್ತು ನಿಮ್ಮಪ್ಪನ ಕ್ಯಾಲೆಂಡರಿನ ಮೇಲೆ ಪೆನ್ಸಿಲಲ್ಲಿ ನಿನ್ನ ಹೆಸ್ರು, ರಿಜಿಸ್ಟರ್ ನಂಬರು ಬರೆದಿತ್ತು. ಕೊನೇದು ಆರುನೂರ ಹದಿನೇಳು. ಆ ವರ್ಷ ನನ್ನ ತಂಗಿ ಮಗನ ರಿಸಲ್ಟ್ ನೋಡೋವಾಗ ಪೇಪರಲ್ಲಿ ಪಾಸಾದೋರ ನಂಬರಿನ ಇಡೀ ಪುಟ ಓದಿದ್ದೆ. ಹದಿನಾರು ಇತ್ತು, ಹದಿನೆಂಟು ಇತ್ತು. ಹದಿನೇಳು ಇರ್ಲಿಲ್ಲ. ಬಾಲವಾಡಿ ನೆಪ ಸಿಕ್ತಲ್ಲ, ಕಾರ್ಡು ಕೇಳಿದ್ರೆ ನೀನೇ ಬಾಯಿ ಬಿಡ್ತೀಯ ಅಂದ್ಕೊಂಡೆ."

ಗೋಡೆ ಹಿಡಿದುಕೊಂಡು ನಿಂತಿದ್ದ ಅಜ್ಜಿ ಸೇರಿಸಿದರು. "ಎಸ್ಸೆಸ್ಸೆಲ್ಸಿ ಆಗೈತೆ ಅಂತ ನಿಮ್ಮ ಸೋದರಮಾವ ಅಂದ್ನಲ್ಲ, ಆಗ ನಿಮ್ಮಪ್ಪನ ಕಾಫಿ ಕಪ್ಪು ಸಾಸರಿಗೆ ತಾಗಿ ಕಟಕಟ ಅಂತು. ವಯಸ್ಸು ಕೇಳಿದಾಗ ಅನ್ನಲಿಲ್ಲ."

"ಉಪ್ಪಿಟ್ಟು ನೀನು ಮಾಡಿದ್ದು ಅಂದ್ರು. ನಿನ್ನ ಕೈಯಲ್ಲಿ ಈರುಳ್ಳಿ ವಾಸ್ನೆನೇ ಇರ್ಲಿಲ್ಲ" ಅಂದರು ಅತ್ತೆ. ಅದು ಈ ಮೊಕದ್ದಮೆಗೆ ಸಂಬಂಧಿಸಿದ್ದಲ್ಲ. ಆದರೂ ನಾನು ತಲೆ ತಗ್ಗಿಸಿದೆ. ಉಪ್ಪಿಟ್ಟು ಪಕ್ಕದ ಮನೆಯವರು ಮಾಡಿದ್ದು.

ಮೂರು ವರ್ಷ ನಾನು ದಿನಾ ಹೆದರಿಕೊಂಡು ಮುಚ್ಚಿಟ್ಟದ್ದು ಇವರಿಗೆ ಮದುವೆಗೆ ಮೊದಲೇ ಗೊತ್ತಿತ್ತು. ಅಳು ಬಂತು. "ಎಲ್ಲ ಗೊತ್ತಿದ್ದೂ ಯಾಕೆ ಒಪ್ಪಿಕೊಂಡ್ರಿ?" ಎಂದು ಕೇಳಿದೆ.

ಮಾವ ಅತ್ತೆಯ ಕಡೆ ನೋಡಿದರು, ಅತ್ತೆ ಮಗನ ಕಡೆ ನೋಡಿದರು. ಕಣ್ಣು ಕಾಣದ ಅಜ್ಜಿ ಕೂಡ ಮುಖವನ್ನು ಮೊಮ್ಮಗನ ಕಡೆಗೇ ತಿರುಗಿಸಿದರು. ಯಜಮಾನರ ಮುಖದಲ್ಲಿ ಮೊಟ್ಟಮೊದಲ ಸಲ ಏನೋ ಕಂಡಿತು. ಅವರು ಹಣೆ ಒರೆಸಿಕೊಂಡು, "ನಂದೂ ಇಂಗ್ಲಿಷ್ ಉಳ್ಕೊಂಡಿದೆ ಸರೋಜಾ" ಅಂದರು.

ನಮ್ಮ ಮದುವೆಯ ಲಗ್ನಪತ್ರಿಕೆಯಲ್ಲಿ ಅವರ ಹೆಸರಿನ ಮುಂದೆ ಬಿ.ಎ. ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾನು ಅದನ್ನು ಎಷ್ಟೋ ಸಲ ಬೆರಳಿಂದ ಸವರಿ ನೋಡಿದ್ದೆ. ಅತ್ತೆ ಮೆಲ್ಲಗೆ ಹೇಳಿದರು: "ಮೇಷ್ಟ್ರ ಮಗಳು, ಒಂದು ತಿಂಗಳಲ್ಲಿ ಕಂಡುಹಿಡೀತಾಳೆ ಅಂತ ನಾವೇ ಹೆದರ್ಕೊಂಡಿದ್ವಿ ಕಣಮ್ಮ."

ನಾನು ಕಂಡುಹಿಡಿದಿರಲಿಲ್ಲ. ಪ್ರತಿ ವರ್ಷ ಬೇಸಿಗೆಯಲ್ಲಿ ಯಜಮಾನರು ಆಡಿಟ್ ಇದೆಯೆಂದು ಬೆಂಗಳೂರಿಗೆ ಹೋಗುತ್ತಿದ್ದರು. ಆಡಿಟ್ಟಿಗೆ ಹೋಗುವವರು ಎರಡು ಪೆನ್ನು, ಒಂದು ಸ್ಕೇಲು ಯಾಕೆ ಒಯ್ಯುತ್ತಾರೆಂದು ನಾನು ಕೇಳಲಿಲ್ಲ. ಆ ಪೆನ್ನುಗಳಿಗೆ ಇಂಕು ತುಂಬಿಕೊಟ್ಟವಳೇ ನಾನು. ರಾಗಿ ಕಣಜದ ಹಿಂದೆ ಇಂಗ್ಲಿಷ್ ವ್ಯಾಕರಣದ ಪುಸ್ತಕ ಸಿಕ್ಕಿದಾಗ, ಇಲಿ ಕಡಿದೀತು ಎಂದು ಬಟ್ಟೆ ಸುತ್ತಿ ಅಲ್ಲೇ ಜೋಪಾನವಾಗಿ ಇಟ್ಟಿದ್ದೆ.

ಆ ದಿನವೇ ತಂಡದ ಸಭೆ ನಡೆಯಿತು. ಇಬ್ಬರೂ ಬರುವ ಪರೀಕ್ಷೆಗೆ ಕಟ್ಟಬೇಕು, ಊರಿಗೆ ಸುಳಿವು ಹತ್ತಬಾರದು ಎಂದು ತೀರ್ಮಾನವಾಯಿತು. ಮಾವ ಮಹಿಳಾ ಸಮಾಜಕ್ಕೆ ಹೋಗಿ, "ಕಾರ್ಡು ಹೊಸಕೋಟೆಯಲ್ಲೈತೆ, ಬಾಲವಾಡಿ ಶುರುವಾಗೋ ಹೊತ್ಗೆ ತರಿಸ್ಕೊಡ್ತೀನಿ" ಎಂದು ನನ್ನದೇ ಸುಳ್ಳನ್ನು ಹೇಳಿಬಂದರು. ಅವರ ಬಾಯಲ್ಲಿ ಅದು ಸತ್ಯದಂತೆಯೇ ಕೇಳಿಸಿತಂತೆ.

ಗಣಿತ ಹೇಳಿಕೊಡಲು ಮೊದಲು ಮಾವನೇ ಕೂತರು. ಅವರಿಗೆ ಉತ್ತರ ತಾನಾಗಿಯೇ ಬಂದುಬಿಡುತ್ತಿತ್ತು, ಹೇಗೆ ಬಂತೆಂದು ಹೇಳಲು ಬರುತ್ತಿರಲಿಲ್ಲ. "ನೋಡಮ್ಮ, ಅಲ್ಲೇ ಐತಲ್ಲ" ಅನ್ನುತ್ತಿದ್ದರು. ನನಗೆ ಎಲ್ಲೂ ಕಾಣುತ್ತಿರಲಿಲ್ಲ. ಕೊನೆಗೆ ಯಜಮಾನರು ನನಗೆ ಗಣಿತ, ನಾನು ಅವರಿಗೆ ಇಂಗ್ಲಿಷ್ ಎಂದಾಯಿತು. ಅಜ್ಜಿ ಬಾಗಿಲ ಬಳಿ ಕೂತು, ಬೀದಿಯಲ್ಲಿ ಯಾರದಾದರೂ ಹೆಜ್ಜೆ ಕೇಳಿದರೆ ಕೆಮ್ಮುತ್ತಿದ್ದರು. ಕೆಮ್ಮು ಬಂದೊಡನೆ ಪುಸ್ತಕ ಮೊರದ ಕೆಳಗೆ. ನಾನು ತೂಕಡಿಸಿದರೆ ಅತ್ತೆ ಕಾಫಿ ಇಡುತ್ತಿದ್ದರು. ಆ ನಾಲ್ಕು ತಿಂಗಳಲ್ಲಿ ನಾನು ನನ್ನ ಗಂಡನೊಂದಿಗೆ ಆಡಿದಷ್ಟು ಮಾತು ಹಿಂದಿನ ಮೂರು ವರ್ಷದಲ್ಲಿ ಆಡಿರಲಿಲ್ಲ. ಅದರಲ್ಲಿ ಅರ್ಧ ತ್ರಿಭುಜಗಳ ಬಗ್ಗೆ, ನಿಜ. ಆದರೂ ಮಾತು ಮಾತೇ.

ನನ್ನ ಫಲಿತಾಂಶ ಪೇಪರಿನಲ್ಲಿ ಬಂದ ದಿನವೇ ಯಜಮಾನರು ತಮ್ಮದನ್ನು ನೋಡಿಬರಲು ಬೆಂಗಳೂರಿಗೆ ಹೋಗಿದ್ದರು. ಮಾವ ಪೇಪರು ಬಿಚ್ಚಿ ಕ್ಷಣ ಮಾತ್ರ ನೋಡಿ, "ಐತೆ" ಅಂದರು. ಅತ್ತೆ ಬೆಲ್ಲ ತಂದು ಬಾಯಿಗೆ ಹಾಕಿದರು. ಆದರೆ ಈ ಸಂತೋಷವನ್ನು ಯಾರಿಗೂ ಹೇಳುವಂತಿರಲಿಲ್ಲ. ಊರಿನವರ ಪ್ರಕಾರ ನಾನು ಎಂದೋ ಪಾಸಾದವಳು. ಮಧ್ಯಾಹ್ನದವರೆಗೂ ಆ ಖುಷಿಯನ್ನು ಎದೆಯೊಳಗೇ ಅದುಮಿಟ್ಟುಕೊಂಡು ಒಳಗೂ ಹೊರಗೂ ಓಡಾಡಿದೆ.

ಮೂರು ಗಂಟೆಯ ಬಸ್ಸಿಗೆ ಯಜಮಾನರು ಬಂದರು. ಮುಖ ಎಂದಿನಂತೆಯೇ ಇತ್ತು. ನಾನು ಬಾಗಿಲಲ್ಲೇ ನಿಂತು ಅದನ್ನು ದಿಟ್ಟಿಸಿ ನೋಡಿದೆ. ಇಷ್ಟು ವರ್ಷ ಇಂಥವರ ಜೊತೆ ಬಾಳಿದ್ದಕ್ಕೆ ನನಗೂ ಒಂದು ಶಕ್ತಿ ಬಂದಿರಬೇಕು ಅನ್ನಿಸಿತು. ಅವರ ಹುಬ್ಬು ಒಂದೆಳೆಯಷ್ಟು ಮೇಲಿದ್ದಂತೆ ಕಂಡಿತು. "ಪಾಸಾಗಿದ್ದೀರಿ. ನನಗೆ ಗೊತ್ತಾಯಿತು, ಏನೂ ಹೇಳಬೇಡಿ" ಅಂದೆ. ಅವರು "ಅದು..." ಅಂದರು. ಅಷ್ಟರಲ್ಲಿ ನಾನು ಬೆಲ್ಲದ ಬುಟ್ಟಿಯೊಂದಿಗೆ ಬೀದಿಯಲ್ಲಿದ್ದೆ. ಬೆಳಗಿನಿಂದ ಅದುಮಿಟ್ಟದ್ದೆಲ್ಲ ಕಾಲಿಗೆ ಇಳಿದಿತ್ತು. ಒಂದೊಂದು ಮನೆಗೂ ನುಗ್ಗಿ, "ನಮ್ಮ ಯಜಮಾನರು ಬಿ.ಎ. ಪಾಸಾದರು" ಎಂದು ಬೆಲ್ಲ ಕೊಟ್ಟೆ. ಕೊನೆಯ ಮನೆಯ ಪುಟ್ಟಮ್ಮ ಬೆಲ್ಲವನ್ನು ಕೈಯಲ್ಲೇ ಹಿಡಿದುಕೊಂಡು, "ಇವಾಗ ಪಾಸಾದ್ರಾ? ಮದ್ವೆ ಕಾರ್ಡಲ್ಲೇ ಬಿ.ಎ. ಅಂತ ಹಾಕ್ಸಿದ್ರಲ್ಲ?" ಅಂದರು.

ಖಾಲಿ ಬುಟ್ಟಿ ಹಿಡಿದು ಮನೆಗೆ ಹೇಗೆ ಬಂದೆನೋ ನೆನಪಿಲ್ಲ. ಒಳಗೆ ನಾಲ್ವರೂ ಕೂತಿದ್ದರು. "ಎರಡು ಮಾರ್ಕಲ್ಲಿ ಹೋಯ್ತು" ಅಂದರು ಯಜಮಾನರು, ಬಸ್ಸು ತಪ್ಪಿತು ಅನ್ನುವ ದನಿಯಲ್ಲಿ. ಅಜ್ಜಿ, "ಅವನ ಹೆಜ್ಜೆ ಕೇಳಿದಾಗ್ಲೇ ನಂಗೆ ತಿಳೀತು ಕಣೇ. ಕೂಗೋ ಅಷ್ಟೊತ್ಗೆ ನೀನು ಆಗ್ಲೇ ಮೂರ್ನೇ ಮನೇಲಿದ್ದೆ" ಅಂದರು.

ಮೂರು ವರ್ಷ ಕಿವಿ, ಮೂಗು, ನೆನಪು, ಮೌನ ಎಲ್ಲವೂ ಸೇರಿ ಕಾಪಾಡಿದ್ದ ಮನೆಯ ಮಾನವನ್ನು ನಾನು ಅರ್ಧ ಗಂಟೆಯಲ್ಲಿ ಬೆಲ್ಲದ ಜೊತೆ ಹಂಚಿಬಂದಿದ್ದೆ. ಬೈದಿದ್ದರೆ ಹಗುರವಾಗುತ್ತಿತ್ತು. ಯಾರೂ ಬೈಯಲಿಲ್ಲ. ಅತ್ತೆ ಮಾತ್ರ, "ಎಷ್ಟು ಮನೇಗೆ ಹೇಳ್ಬಂದೆ?" ಎಂದು ಕೇಳಿದರು. ನಾನು ಕಣ್ಣೊರೆಸಿಕೊಂಡು, ಬೆರಳು ಮಡಚಿ ಎಣಿಸಿ, "ಹದಿನಾರು" ಅಂದೆ.

"ಆ ಸಾಲಿನಲ್ಲಿ ಇರೋದೇ ಹದಿಮೂರು ಮನೆ" ಅಂದರು ಮಾವ. ಆಮೇಲೆ ಕನ್ನಡಕ ಹಾಕಿಕೊಂಡು, ಬೆಳಗಿನ ಪೇಪರನ್ನು ಮತ್ತೆ ಬಿಚ್ಚಿ, ನನ್ನ ನಂಬರು ನಿಜವಾಗಿಯೂ ಇದೆಯೇ ಎಂದು ಇನ್ನೊಮ್ಮೆ ನೋಡಿದರು.