ಸುಂಕ ಕೊಂಡವನದು, ಹಗ್ಗ ಮಾರಿದವನದು

ಎರ್ರಿಸ್ವಾಮಿಗೆ ಮೈಯೆಲ್ಲ ಉರಿಯುವಂಥ ಮಾತೊಂದಿತ್ತು: ಚಾರ್ಜು.

ರಾಯದುರ್ಗದ ಜೀನ್ಸ್ ಶೆಡ್ಡಿನಲ್ಲಿ ಅವನು ಪ್ಯಾಂಟಿಗಿಷ್ಟು ಎಂದು ಕೂಲಿಗೆ ಹೊಲಿಯುತ್ತಿದ್ದ. ಮಿಷನ್ನು ಅವನದೇ. ಆದರೂ ಶನಿವಾರ ಬಟವಾಡೆ ಆಗುವಷ್ಟರಲ್ಲಿ ಮಾಲೀಕ ದಾರದ ಚಾರ್ಜು, ಸೂಜಿ ಚಾರ್ಜು, ಕರೆಂಟು ಚಾರ್ಜು ಅಂತ ಕೋಳಿ ಪುಕ್ಕ ಕಿತ್ತಂತೆ ಒಂದೊಂದೇ ಕಿತ್ತು, ಉಳಿದ ಬೋಳು ಕೋಳಿಯನ್ನು ಇವನ ಕೈಗಿಡುತ್ತಿದ್ದ. ಹಾಗಾಗಿ ಯಾರೇ ಎಲ್ಲೇ ಒಂದು ರೂಪಾಯಿ ಮುರಿದುಕೊಂಡರೂ ಇವನಿಗೆ ತನ್ನ ಪುಕ್ಕವನ್ನೇ ಕಿತ್ತಂತಾಗುತ್ತಿತ್ತು. ಬಸ್ಸಿನಲ್ಲಿ ಚಿಲ್ಲರೆ ಕೊಡದ ಕಂಡಕ್ಟರನ ಜೊತೆ ಜಗಳ. ಹೋಟೆಲಿನಲ್ಲಿ ಎರಡನೇ ಸಲದ ಚಟ್ನಿಗೆ ಜಗಳ. ಹೋದ ತಿಂಗಳು ಮಡಕಶಿರಾದಲ್ಲಿ ನಾದಿನಿಯ ನಿಶ್ಚಿತಾರ್ಥಕ್ಕೆ ಹೋದವನು, ತುಂಬಿದ ಪಂಕ್ತಿಯಲ್ಲಿ ಕೈತೊಳೆಯದೆ ಎದ್ದು ನಿಂತು, “ನನಗ ಏನು ಕೊಟ್ಟೀರೋ ಸಣ್ಣಳಿಯಗೂ ಅದನ್ನ ಕೊಡಬೇಕು. ಒಂದು ಎಳಿ ಹೆಚ್ಚಾದ್ರೂ ಈ ಮನಿ ಹೊಸ್ತಿಲ ತುಳಿಯಂಗಿಲ್ಲ!” ಎಂದು ಅತ್ತೆಗೆ ಶಾಸನ ಹಾಕಿ ಬಂದಿದ್ದ.

ಇಂಥವನಿಗೆ ಬುಧವಾರ ಬೆಳಿಗ್ಗೆ ಜೊತೆಗಾರ ಹನುಮಂತರಾಯ ಒಂದು ಆಸೆ ಹುಟ್ಟಿಸಿದ. ಹನುಮಂತರಾಯ ಹೊಲಿಗೆ ಬಿಟ್ಟು ಆಟೋ ಓಡಿಸಲು ಹೊರಟಿದ್ದ. ಅವನ ಮಿಷನ್ನಿನ ಮೋಟಾರು ಹೊಸದು, ಬೆಕ್ಕಿನ ಹಾಗೆ ಸದ್ದಿಲ್ಲದೆ ಓಡುತ್ತಿತ್ತು. ಎರ್ರಿಸ್ವಾಮಿಯದು ಹಳೆಯದು, ಕೆಮ್ಮು ಬಂದ ಎಮ್ಮೆ.

“ಆರು ಸಾವಿರದ ಐನೂರು. ಸಂಜಿ ಐದಕ್ಕ ತಂದ್ರ ನಿನಗ. ಒಂದು ರೂಪಾಯಿ ಕಮ್ಮಿ ತಂದ್ರೂ ಬಳ್ಳಾರಿ ಗಿರಾಕಿಗೆ,” ಎಂದ ಹನುಮಂತರಾಯ.

ಆ ಮೋಟಾರು ಬಂದರೆ ದಿನಕ್ಕೆ ಐದು ಪ್ಯಾಂಟು ಜಾಸ್ತಿ. ಎರ್ರಿಸ್ವಾಮಿಯ ಜೇಬಿನಲ್ಲಿದ್ದದ್ದು ನೂರಾ ಐವತ್ತು ರೂಪಾಯಿ. ಮನೆಯಲ್ಲಿದ್ದದ್ದು ಒಂದು ಗ್ರೈಂಡರು.

ಆ ಗ್ರೈಂಡರು ಮದುವೆಯಲ್ಲಿ ಅತ್ತೆ ಸರ್ವಮಂಗಳಮ್ಮ ಕೊಟ್ಟದ್ದು. ಕುಂಕುಮ ಬಣ್ಣದ್ದು, ಇಬ್ಬರು ಎತ್ತಬೇಕಾದ ಭಾರದ್ದು. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅದನ್ನು ತಿರುಗಿಸಲು ಜಾಗವಿಲ್ಲದೆ, ಎರಡು ವರ್ಷದಿಂದ ಡಬ್ಬಿಯೊಳಗೇ ಮಡಿಯಲ್ಲಿ ಕೂತಿತ್ತು. ಹೆಂಡತಿ ರೇಖಾ ಶುಕ್ರವಾರಕ್ಕೊಮ್ಮೆ ಡಬ್ಬಿಗೆ ಕುಂಕುಮ ಹಚ್ಚಿ, ಬೀದಿಯ ಅಂಗಡಿಯಿಂದ ಪ್ಯಾಕೆಟ್ ಹಿಟ್ಟು ತಂದು ದೋಸೆ ಹುಯ್ಯುತ್ತಿದ್ದಳು. ಈಗ ತಂಗಿಯ ಮದುವೆ ಸೀರೆ ಆರಿಸಲು ತವರಿಗೆ ಹೋಗಿದ್ದಳು. ಬರುವುದು ನಾಳೆ ಬೆಳಿಗ್ಗೆ. ಕೇಳಿದರೆ ರಿಪೇರಿಗೆ ಕೊಟ್ಟಿದ್ದೇನೆ ಎಂದರಾಯಿತು. ತಿರುಗದೇ ಇದ್ದದ್ದು ಕೆಡುವುದು ಹೇಗೆ ಎಂಬ ಪ್ರಶ್ನೆಯನ್ನು ಎರ್ರಿಸ್ವಾಮಿ ನಾಳೆಗೆ ಇಟ್ಟುಕೊಂಡ. ಮೋಟಾರು ಮಾರಿ ಮೋಟಾರು ತರುವುದರಲ್ಲಿ ಪಾಪವೇನು?

ಹಳೇ ಸಾಮಾನು ಮಾರುವ ಆಪಿನಲ್ಲಿ ‘ರಾಯದುರ್ಗ ಸೇಲ್ಸ್’ ಎಂಬ ಸುಳ್ಳು ಹೆಸರಲ್ಲಿ ಫೋಟೊ ಹಾಕಿದ. ಅರ್ಧ ಗಂಟೆಯಲ್ಲಿ ಗಿರಾಕಿ ಸಿಕ್ಕಿತು. ಎಂಟು ಸಾವಿರದಿಂದ ಎಳೆದಾಡಿ ಆರೂವರೆಗೆ ಕುದುರಿತು. ‘ಇವತ್ತು ನಮ್ ಗಾಡಿ ರಾಯದುರ್ಗದಾಗೇ ಐತೆ, ಮದ್ಯಾನ ಬತ್ತೀನಿ’ ಎಂದು ಮೆಸೇಜು.

ಡಬ್ಬಿಯ ಮೇಲೆ ‘ಚಿ. ಎರ್ರಿಸ್ವಾಮಿ, ರೇಖಾ ಅವರಿಗೆ’ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಅದನ್ನು ಹರಿದು ಒಲೆಗೆ ಹಾಕಿ, ಗ್ರೈಂಡರನ್ನು ಗೋಣಿಚೀಲಕ್ಕೆ ತುಂಬಿ, ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ಬಿಗಿಯಾಗಿ ಕಟ್ಟಿದ. ತಳ್ಳುಗಾಡಿಯವನ ಕೈ ಹಿಡಿಸಿ ತಂದು, ಲಕ್ಷ್ಮಣಪ್ಪನ ಮೊಬೈಲ್ ಅಂಗಡಿ ಮುಂದೆ ಇಳಿಸಿಕೊಂಡು ಕಾದು ಕೂತ.

ಬಂದವನ ಹೆಸರು ಗಿರೀಶ. ಜೀನ್ಸ್ ಮೂಟೆ ಹೊರುವ ಟೆಂಪೋದ ಡ್ರೈವರು. ಎರ್ರಿಸ್ವಾಮಿ ಜಾಣತನದಿಂದ ಮೊದಲು ಊರು ಕೇಳಿದ.

“ಹಿಂದೂಪುರ ಕಡೆ ಕಣಣ್ಣ. ಇದು ನಂಗಲ್ಲ, ನಮ್ ಬೀದಿ ಆಯಮ್ಮಂಗೆ. ಇದೇ ಕಂಪನಿದೇ ಬೇಕು, ಇದೇ ಬಣ್ಣದ್ದೇ ಬೇಕು ಅಂತ ಹಟ. ಕಂಪನಿ ಬಾಗ್ಲಾಕಿ ವರ್ಸಾತು. ಫೋನಾಗೆ ಹುಡ್ಕೀ ಹುಡ್ಕೀ ನನ್ ಹೆಬ್ಬೆಟ್ಟು ಸವದೋಯ್ತು.”

ಹಿಂದೂಪುರ ಎಂದೊಡನೆ ಎರ್ರಿಸ್ವಾಮಿಗೆ ಉಸಿರು ಸಲೀಸಾಯಿತು. ಗಿರೀಶನ ಬಳಿ ಅಷ್ಟು ರೊಕ್ಕವಿರಲಿಲ್ಲ, ಫೋನಿನಲ್ಲೂ ಇರಲಿಲ್ಲ. ಕ್ರೆಡಿಟ್ ಕಾರ್ಡಿತ್ತು. ತಾನು ಉಜ್ಜುವುದು, ಊರಿಗೆ ಹೋದ ಮೇಲೆ ಆಯಮ್ಮನಿಂದ ಈಸಿಕೊಳ್ಳುವುದು ಎಂದು ಮಾತಾಗಿತ್ತಂತೆ. ಲಕ್ಷ್ಮಣಪ್ಪ ಕಾರ್ಡು ಉಜ್ಜುವ ಮಿಷನ್ ತೆಗೆದ. ಗಿರೀಶ ಉಜ್ಜಿದ. ಆರು ಸಾವಿರದ ಐನೂರು. ಮಿಷನ್ನು ನಾಲಗೆ ಚಾಚಿದಂತೆ ಚೀಟಿ ಹೊರಗೆ ಹಾಕಿತು. ಲಕ್ಷ್ಮಣಪ್ಪ ಗಲ್ಲಾದಿಂದ ನೋಟು ಎಣಿಸಿ ಇಟ್ಟ.

ಎರ್ರಿಸ್ವಾಮಿ ಎಣಿಸಿದ. ಮತ್ತೆ ಎಣಿಸಿದ. ಆರು ಸಾವಿರದ ಮುನ್ನೂರಾ ಎಪ್ಪತ್ತು.

“ನೂರಾ ಮೂವತ್ತು ಎಲ್ರೀ?”

“ನೂರಕ್ಕೆ ಎರಡು,” ಎಂದ ಲಕ್ಷ್ಮಣಪ್ಪ, ನೊಣ ಓಡಿಸುವಷ್ಟು ಸಹಜವಾಗಿ. “ಚಾರ್ಜು.”

ಮುಗಿಯಿತು. ಎರ್ರಿಸ್ವಾಮಿ ನೋಟುಗಳನ್ನು ಹಾವು ಮುಟ್ಟಿದವನಂತೆ ಟೇಬಲ್ಲಿನ ಮೇಲೆ ಬಿಟ್ಟ. “ನಾ ಮಾರಿದ್ದು ಆರೂವರಿಗೆ. ಕಾರ್ಡು ಉಜ್ಜಿದವ ಅವ. ಚಾರ್ಜು ಅವಂದು!”

“ಅದ್ಯಾಕಣ್ಣ ನಂದು? ಆಯಮ್ಮ ಆರೂವರೆ ಮೇಲೆ ಒಂದ್ ಪೈಸೆ ಕೊಡಲ್ಲ ಅಂದವ್ಳೆ. ದುಡ್ಡು ತಗಳ್ಳೋನು ನೀನು. ಚಾರ್ಜು ನಿಂದೇಯ.”

“ಮಿಷನ್ ನಂದು, ಚಾರ್ಜು ಬ್ಯಾಂಕಿಂದು, ಜಗಳ ನಿಮ್ಮಿಬ್ಬರ್ದು,” ಎಂದ ಲಕ್ಷ್ಮಣಪ್ಪ, ಫ್ಯಾನಿನ ಗಾಳಿಗೆ ನೋಟು ಹಾರದಂತೆ ಮೇಲೆ ನೀರಿನ ಬಾಟಲಿ ಇಟ್ಟು. “ಇಲ್ಲೇನು ನಂದಿಲ್ಲ.”

ಪಕ್ಕದ ಚಹಾದ ಅಂಗಡಿಯ ಚಿನ್ನಕ್ಕ ಸೌಟು ಹಿಡಿದುಕೊಂಡೇ ಬಂದಳು. ಬೀದಿಯಲ್ಲಿ ಎಲೆ ಉದುರಿದರೂ ಆಕೆಯನ್ನು ಕೇಳಿಯೇ ಉದುರಬೇಕು. “ಏನಪಾ ಎರ್ರಿಸ್ವಾಮಿ, ಚೀಲದಾಗ ಏನೈತಿ?”

“ಏನಿಲ್ಲ ಬೇ ಅಕ್ಕಾ. ಹಳೇ ಸಾಮಾನು.”

“ಹಳೇ ಸಾಮಾನಿಗೆ ಇಷ್ಟ್ಯಾಕ ಬೆವರು?” ಎಂದು ಆಕೆ ಅಲ್ಲೇ ಕೂತಳು. ಆಕೆ ಕೂತದ್ದು ನೋಡಿ ಚಹಾ ಕುಡಿಯುತ್ತಿದ್ದ ನಾಲ್ಕು ಜನರೂ ಲೋಟ ಸಮೇತ ಎದ್ದು ಬಂದರು. ಅವರ ಹಿಂದೆ ಮೂಕಪ್ಪ ಬಂದ.

ಮೂಕಪ್ಪ ನಲವತ್ತು ವರ್ಷ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿದ್ದವನು. ಟವಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವಾಗ ಬಾಯಿ ಮುಚ್ಚಿಕೊಂಡಿರಬೇಕಿತ್ತಲ್ಲ, ಆ ನಲವತ್ತು ವರ್ಷದ ಮಾತನ್ನೆಲ್ಲ ಈಗ ಬಡ್ಡಿ ಸಮೇತ ಆಡುತ್ತಿದ್ದ.

“ನಿಲ್ರೆಪ್ಪ ನಿಲ್ರಿ. ಇದಕ್ಕ ಕಟ್ಟಳಿ ಐತಿ. ಸಂತ್ಯಾಗ ಒಂದು ಟಗರು ಮಾರ್ತೀವಿ ಅನ್ರಿ. ಸಂತಿ ಸುಂಕ ಯಾರು ಕೊಡ್ತಾರ? ಕೊಂಡವ. ಕೊರಳ ಹಗ್ಗ ಯಾರಿಗೆ? ಮಾರಿದವಗ. ಹಗ್ಗ ಕೊಟ್ರ ಹಟ್ಟಿ ಲಕ್ಷ್ಮಿನ ಹೋಗ್ತಾಳ. ಸುಂಕ ಕೊಂಡವಂದು, ಹಗ್ಗ ಮಾರಿದವಂದು. ಈಗ ಹೇಳ್ರಿ, ಈ ಚಾರ್ಜು ಅನ್ನೋದು ಸುಂಕೋ, ಹಗ್ಗೋ?”

ಬೀದಿ ಎರಡು ಭಾಗವಾಯಿತು. ಸುಂಕ ಎಂದವರು ಎರ್ರಿಸ್ವಾಮಿಯ ಪಕ್ಷ, ಹಗ್ಗ ಎಂದವರು ಗಿರೀಶನ ಪಕ್ಷ. ಗಿರೀಶನ ಪಕ್ಷಕ್ಕೆ ಚಿನ್ನಕ್ಕನೇ ಮುಂದಾಳು.

“ಹಾಲಿನವ ಹಾಲು ಮನಿಗೆ ತಂದು ಹಾಕ್ತಾನ. ಸೈಕಲ್ಲಿಗೆ ಗಾಳಿ ಹಾಕಿಸಿದ್ದು ನನ್ನ ಕೇಳ್ತಾನೇನು? ಮಾರೋನ ಖರ್ಚು ಮಾರೋಂದ.”

“ಮತ್ತ ನಿನ್ನ ಚಾದಾಗ ಆ ಗಾಳಿ ಖರ್ಚು ನೀರಾಗಿ ಬರ್ತೈತಲ್ಲ!” ಎಂದ ಒಬ್ಬ. ಚಿನ್ನಕ್ಕ ಅವನ ಲೋಟ ಕಿತ್ತುಕೊಂಡಳು.

ಅರವತ್ತೈದು ಅರವತ್ತೈದು ಹಂಚಿಕೊಳ್ಳಿ ಎಂದು ಇನ್ನೊಬ್ಬ ಸಲಹೆ ಕೊಟ್ಟ. ಎರಡು ಪಕ್ಷದವರೂ ಸೇರಿ ಅವನನ್ನು ಬೈದು ಕಳಿಸಿದರು. ನ್ಯಾಯ ಅಂದರೆ ನ್ಯಾಯ, ಅದನ್ನು ಸೌತೆಕಾಯಿಯಂತೆ ಸೀಳಲು ಬರುವುದಿಲ್ಲ.

ಮೂರೂವರೆ ಆಯಿತು. ನಾಲ್ಕಾಯಿತು. ಹನುಮಂತರಾಯ ಎರಡು ಸಲ ಫೋನ್ ಮಾಡಿ, ಬಳ್ಳಾರಿಯವನು ಬಸ್ಸು ಹತ್ತಿದ್ದಾನೆ ಎಂದ. ವಾದ ಮಾಡುವವರ ಗಂಟಲೊಣಗಿ, ಎರ್ರಿಸ್ವಾಮಿಯ ಹೆಸರಲ್ಲಿ ಹನ್ನೊಂದು ಚಹಾ ಬಂದವು. ತನ್ನ ನ್ಯಾಯಕ್ಕೆ ಬಂದ ಜನ, ಬೇಡ ಎನ್ನುವುದು ಹೇಗೆ?

“ಲೇ, ಬಿಟ್ಟಾಕೋ ನೂರಾ ಮೂವತ್ತು,” ಎಂದ ಲಕ್ಷ್ಮಣಪ್ಪ ಮೆಲ್ಲಗೆ. “ಬೇಕಾರ ನಾನ ಕೈಗಡ ಕೊಡ್ತೀನಿ, ಹೋಗಿ ಮೋಟಾರು ತಗೋ.”

“ರೊಕ್ಕದ ಮಾತಲ್ಲರೀ ಇದು!” ಎರ್ರಿಸ್ವಾಮಿಯ ಧ್ವನಿ ಕೋಟೆಯ ಬೆಟ್ಟಕ್ಕೆ ಬಡಿದು ವಾಪಸು ಬಂತು. “ಸೂಜಿಗೂ ನಾನ, ದಾರಕ್ಕೂ ನಾನ, ಕರೆಂಟಿಗೂ ನಾನ. ದೇಶದಾಗಿನ ಚಾರ್ಜೆಲ್ಲ ನನ್ನ ತಲಿಗ ಯಾಕ ಕಟ್ತೀರಿ? ಇವತ್ತು ಒಂದು ದಿನ, ಒಂದ ಒಂದು ಚಾರ್ಜು, ಇನ್ನೊಬ್ಬರು ಕೊಡಲಿ. ನಾ ನೋಡಬೇಕು!”

ಚಹಾ ಕುಡಿಯುತ್ತಿದ್ದವರು ಲೋಟ ಕೆಳಗಿಟ್ಟರು. ಚಿನ್ನಕ್ಕನೂ ಸೌಟು ಕೆಳಗಿಟ್ಟಳು. ಮೂಕಪ್ಪ ಟವಲು ಕೊಡವಿ ತೀರ್ಪು ಹೇಳಿದ: “ಸುಂಕ. ಕೊಂಡವ ಕೊಡಬೇಕು.”

ಗಿರೀಶನಿಗೆ ಹೊತ್ತು ಮುಳುಗುವ ಮೊದಲು ಕಲ್ಯಾಣದುರ್ಗ ದಾಟಬೇಕಿತ್ತು. “ಆಯ್ತು ಕಣ್ರಪ್ಪೋ! ಆಯಮ್ಮಂಗೇ ಕೇಳ್ತೀನಿ. ಅವರಿಗೆ ಫೋನಾಗೆ ದುಡ್ಡಾಕಾಕೆ ಬರಲ್ಲ, ಮಗಳು ಬಂದವ್ಳೆ, ಅವಳ ಕೈಲಿ ಆಕಿಸ್ತೀನಿ. ನಿನ್ ನಂಬರ್ ಏಳಣ್ಣ.”

ಎರ್ರಿಸ್ವಾಮಿ ಎದೆ ಮುಂದೆ ಮಾಡಿ, ಗೆದ್ದ ಟಗರಿನಂತೆ ನಿಂತು, ಒಂದೊಂದೇ ಅಂಕಿ ಬಿಡಿಸಿ ಹೇಳಿದ. ಗಿರೀಶ ಬರೆದುಕೊಂಡು ಟೆಂಪೋದ ಹತ್ತಿರ ಹೋದ. ಅಲ್ಲಿಂದ ಅರ್ಧ ಮಾತಷ್ಟೇ ಕೇಳಿಸಿತು: “ಊಂ ಕಣಮ್ಮ... ನೂರಾ ಮೂವತ್ತೇಯ... ಬೋ ಜಗಳಗಂಟ ಕಣಮ್ಮ... ಅದೇ, ಕಳಿಸಿರೋ ನಂಬರ್‌ಗೆ ಆಕ್ಬಿಡಿ...”

ಎರಡು ನಿಮಿಷ ಕಳೆಯಿತು. ಎರ್ರಿಸ್ವಾಮಿಯ ಫೋನು ಟಿಂಗ್ ಎಂದಿತು.

“ಬಂತು!” ಅವನು ಫೋನನ್ನು ಮೇಲೆತ್ತಿದ. ಬೀದಿಯವರು ಹೋ ಎಂದರು. ಜೀವಮಾನದಲ್ಲಿ ಮೊದಲ ಸಲ ಒಂದು ಚಾರ್ಜು ಇವನ ಜೇಬಿನಿಂದ ಹೋಗದೆ ಜೇಬಿಗೆ ಬಂದಿತ್ತು. ಎಲ್ಲರಿಗೂ ಕೇಳುವಂತೆ ಓದತೊಡಗಿದ: “ನೂರಾ ಮೂವತ್ತು ರೂಪಾಯಿ ಜಮೆ. ಕಳಿಸಿದವರು, ಸರ್ವ... ಸರ್ವಮಂ...”

ಫೋನನ್ನು ಎದೆಗೆ ಅವುಚಿಕೊಂಡ.

ಚಿನ್ನಕ್ಕ ಫೋನು ಕಸಿದುಕೊಂಡು ಉಳಿದದ್ದನ್ನು ಮುಗಿಸಿದಳು. “ಸರ್ವಮಂಗಳಮ್ಮ, ಮಡಕಶಿರಾ. ಕೆಳಗೇನೋ ಬರೆದಾರ. ‘ಚಾರ್ಜು ಬಂತೇನ್ರೀ? ರೇಖಾ.’ ಅಲ್ಲೋ ಎರ್ರಿಸ್ವಾಮಿ, ರೇಖಾ ಅಂದ್ರ ನಮ್ಮ ರೇಖಾನ?”

ಉತ್ತರ ಹೇಳುವವನ ಮುಖ ಇಸ್ತ್ರಿ ಪೆಟ್ಟಿಗೆಯ ಕೆಳಗೆ ಸಿಕ್ಕ ಬಟ್ಟೆಯಂತಾಗಿತ್ತು. “ಹಿಂದೂಪುರ ಅಂದೆಲ್ಲೋ!” ಎಂದ ಗಿರೀಶನಿಗೆ.

“ಹಿಂದೂಪುರ ಕಡೆ ಅಂದೆ ಕಣಣ್ಣ. ಮಡಕಶಿರಾ ಇನ್ಯಾವ ಕಡೆ ಐತೆ? ಸದಾ ಗಾಡಿ ಮ್ಯಾಲೇ ಇರೋ ನಂಗೆ ನೀನೇ ಆಯಮ್ಮನ ಅಳಿಯ ಅಂತ ಏನ್ ಗೊತ್ತು?” ಎನ್ನುವಷ್ಟರಲ್ಲಿ ಗಿರೀಶನ ಫೋನು ಬಡಿದುಕೊಂಡಿತು. “ಸ್ಪೀಕರ್ ಹಾಕು,” ಎಂದ ಮೂಕಪ್ಪ. ಅವನು ಹಾಕಿದ.

“ಗಿರೀಶಾ,” ಎಂದಿತು ರೇಖಾಳ ದನಿ, “ಆ ಗ್ರೈಂಡರ್ ಕೆಳಗೆ ಅರಿಶಿನದಾಗೆ ಸ್ವಸ್ತಿಕ ಬರೆದೈತಾ ನೋಡು.”

ಗಿರೀಶ ಚೀಲದ ಹಗ್ಗ ಬಿಚ್ಚಿ, ಗ್ರೈಂಡರು ವಾಲಿಸಿ ನೋಡಿದ. ಅರಿಶಿನ ಫಳಫಳ ಹೊಳೆಯುತ್ತಿತ್ತು. ಚಿನ್ನಕ್ಕ ಕೈ ಮುಗಿದಳು.

“ಐತೆ ಕಣಕ್ಕ.”

“ಅವ್ರನ್ನ ಕರಿ.”

“ರೇಖಾ, ಅದು ಏನಾತಂದ್ರ... ರಿಪೇರಿ...” ಎಂದ ಎರ್ರಿಸ್ವಾಮಿ.

“ಅಮ್ಮ ಮಾತಾಡ್ತಾಳಂತೆ, ಕೇಳಿ.”

ಅತ್ತೆಯ ದನಿ ಬೆಣ್ಣೆಯ ಹಾಗಿತ್ತು. ಅದೇ ಹೆದರಿಕೆಯ ಸಂಗತಿ. “ಅಳಿಯಂದ್ರೇ, ಚೆಂದಾಗಿದೀರಾ? ನೀವೇ ಅಲ್ವಾ ಏಳಿದ್ದು, ಸಣ್ಣಳಿಯಂಗೆ ಒಂದ್ ಎಳೆ ಹೆಚ್ಚಿರಬಾರ್ದು ಅಂತ? ಅದೇ ಕಂಪನಿ ಅದೇ ಬಣ್ಣ ಹುಡುಕೋದ್ರಾಗೆ ನನ್ ಜೀವ ಹೋಗಿತ್ತು. ನಿಮ್ ಮನೇಲೇ ಸಿಕ್ತು ನೋಡ್ರಿ. ಗಿರೀಶಾ, ಗಾಡಿಗಾಕ್ಕಂಡು ಬಾ. ದುಡ್ಡು ನೀನು ವಾಪಸ್ ಇಸ್ಕ. ಒಂದೇ ಗ್ರೈಂಡರ್ನ ನಾನು ಎರಡ್ ಸಲ ಕೊಳ್ಳಾಕಿಲ್ಲ.”

“ಅತ್ತೀ, ಹಂಗಾರ ನನಗ?” ಎರ್ರಿಸ್ವಾಮಿಯ ಬಾಯಿಂದ ತಾನಾಗಿಯೇ ಬಂತು.

“ನಿಮಗೊಂದು ಕೊಟ್ಟೆ, ಅವರಿಗೊಂದು ಕೊಟ್ಟೆ. ಎಳೆ ಹೆಚ್ಚೂ ಇಲ್ಲ, ಕಮ್ಮೀನೂ ಇಲ್ಲ.”

ಬಾಟಲಿ ಎತ್ತಿ ಗಿರೀಶ ನೋಟು ಎಣಿಸಿಕೊಂಡ. “ಅಕ್ಕಾ, ನಾನು ಉಜ್ಜಿದ್ದು ಆರೂವರೆ ಸಾವಿರ. ಈ ಲಕ್ಷ್ಮಣಪ್ಪಣ್ಣ ಕೊಟ್ಟಿದ್ರಾಗೆ ನೂರಾ ಮೂವತ್ತು ಕಮ್ಮಿ ಐತೆ.”

“ಲಕ್ಷ್ಮಣಪ್ಪನವ್ರೇ,” ಎಂದಳು ರೇಖಾ, “ವ್ಯಾಪಾರ ಮುರೀತಲ್ಲ, ಆ ಚಾರ್ಜು ವಾಪಸ್ ಬರಲ್ವಾ?”

“ಇಲ್ಲ ತಾಯಿ. ಹೋದ ಚಾರ್ಜು ಹೋದಂಗ.”

“ಸರಿ ಬಿಡಿ. ರೀ, ಅಮ್ಮ ಹಾಕಿದ ನೂರಾ ಮೂವತ್ತು ಅಮ್ಮಂಗೆ ವಾಪಸ್ ಹಾಕಿ. ಗಿರೀಶಂಗೆ ಕಮ್ಮಿ ಬಿದ್ದ ನೂರಾ ಮೂವತ್ತು ಜೇಬಿಂದ ಕೊಡಿ. ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತೀನಿ. ಉಳಿದಿದ್ದು ಮನೇಲಿ ಮಾತಾಡಾನ.”

ಎರ್ರಿಸ್ವಾಮಿ ಫೋನಿನಲ್ಲಿ ನೂರಾ ಮೂವತ್ತು ವಾಪಸು ಹಾಕಿದ. ಜೇಬಿನ ನೂರಾ ಐವತ್ತು ಗಿರೀಶನಿಗೆ ಕೊಟ್ಟು ಇಪ್ಪತ್ತು ಚಿಲ್ಲರೆ ಪಡೆದ. ಆ ಇಪ್ಪತ್ತನ್ನು ಚಿನ್ನಕ್ಕ ಅವನ ಬೆರಳ ಸಂದಿಯಿಂದಲೇ ಎತ್ತಿಕೊಂಡು, “ಹನ್ನೊಂದು ಚಾದಾಗ ಎರಡರ ರೊಕ್ಕ ಮುಟ್ಟಿತು,” ಎಂದಳು. ಈ ಸಲ ಚಾರ್ಜು ಯಾರು ಕೊಡಬೇಕೆಂದು ಬೀದಿಯಲ್ಲಿ ಒಬ್ಬರೂ ವಾದ ಮಾಡಲಿಲ್ಲ.

ಐದಕ್ಕೆ ಐದು ನಿಮಿಷವಿರುವಾಗ ಬಳ್ಳಾರಿಯವನನ್ನು ಹೊತ್ತ ಬಸ್ಸು ಅವರ ಮುಂದೆಯೇ ಹಾದುಹೋಯಿತು. ಅದರ ಬೆನ್ನಿಗೆ ಟೆಂಪೋ ಹೊರಟಿತು. ಒಳಗೆ ಜೀನ್ಸ್ ಮೂಟೆಗಳ ನಡುವೆ ಕುಂಕುಮ ಬಣ್ಣದ ಗ್ರೈಂಡರು ಮದುವಣಗಿತ್ತಿಯಂತೆ ಕೂತಿತ್ತು.

ಎರ್ರಿಸ್ವಾಮಿ ಮನೆಯ ಕಡೆ ತಿರುಗಿದ.

“ಏಯ್, ನಿಲ್ಲಪಾ!” ಮೂಕಪ್ಪ ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಬಟ್ಟೆಯ ಹಗ್ಗವನ್ನು ಮೊಳಕೈಗೆ ನೀಟಾಗಿ ಸುತ್ತಿ, ಎರಡೂ ಕೈಯಿಂದ ಅವನಿಗೆ ಒಪ್ಪಿಸಿದ. “ಕಟ್ಟಳಿ ಅಂದ್ರ ಕಟ್ಟಳಿ. ಹಗ್ಗ ಮಾರಿದವಂದು.”