ತಕ್ಕಡಿಗೇರಿದ ಡ್ರೈವ್

ಹುಳಿ ಬಂದ ಹಣ್ಣನ್ನು ಕಬ್ಬಿಣದ ಡಬ್ಬಿಯಲ್ಲಿ ಮುಚ್ಚಿಟ್ಟಂಥ ವಾಸನೆ ಫೋಟೋದವನ ಅಪ್ಪ ಫೋಟೋ ತೊಳೆಯುತ್ತಿದ್ದ ಡಾರ್ಕ್‌ರೂಮಿನದು. ಚಿಕ್ಕಂದಿನಲ್ಲಿ ಆ ವಾಸನೆ ಮೂಗಿಗೆ ಬಡಿದರೆ ಸಾಕು, ಒಳಗೆ ಇನ್ಯಾರದೋ ಮುಖ ಉಳಿಯಿತು ಎಂದು ಫೋಟೋದವನು ಖುಷಿಪಡುತ್ತಿದ್ದ. ಈಗ ಆ ಕೋಣೆಯಲ್ಲಿ ಕಂಪ್ಯೂಟರು ಕೂತಿದೆ. ಅದಕ್ಕೆ ವಾಸನೆಯಿಲ್ಲ, ಹೊಟ್ಟೆ ಮಾತ್ರ ಇದೆ. ಅಂದು ಬೆಳಿಗ್ಗೆ ಆ ಹೊಟ್ಟೆಯೂ ತುಂಬಿ, "ಜಾಗವಿಲ್ಲ" ಎಂದು ಮುಷ್ಕರ ಹೂಡಿತು. ಸಂಜೆ ಬೇಕರಿ ಯಜಮಾನರು ಮಗಳ ಮದುವೆಯ ಫೋಟೋ ನೋಡಲು ಬರುವವರಿದ್ದರು.

ಫೋಟೋದವನು ಮೂಲೆಯಂಗಡಿಗೆ ಓಡಿ, ಫೋಟೋ ತುಂಬಿಡುವ ಎರಡು ಎಸ್‌ಎಸ್‌ಡಿ ಡ್ರೈವ್ ತಂದ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ವಾಪಸು ಮಾಡುವ ಕರಾರು. ಎರಡೂ ಬೆಂಕಿಪೊಟ್ಟಣದ ಗಾತ್ರದವು. ಒಂದರ ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು, ಜಾಗವೂ ಅಷ್ಟಕ್ಕಷ್ಟೆ. ಇನ್ನೊಂದು ಅದರ ಕಾಲುಭಾಗದ ಬೆಲೆಗೆ ಇಡೀ ಊರಿನ ಮದುವೆಗಳನ್ನು ಹಿಡಿಸುತ್ತೇನೆಂದು ಡಬ್ಬದ ಮೇಲೆ ಆಣೆ ಇಡುತ್ತಿತ್ತು.

"ಅಗ್ಗಕ್ಕೆ ಅಷ್ಟೊಂದು ಜಾಗ ಯಾರ್ರೀ ಕೊಡ್ತಾರೆ? ಕಮ್ಮಿ ಜಾಗದ್ದನ್ನೇ ಇಟ್ಕೊಳ್ಳಿ," ಎಂದಳು ಹೆಂಡತಿ.

ಅವಳ ಮಾತು ಇವನ ತಲೆಗೆ ಇಳಿಯುವಷ್ಟರಲ್ಲಿ ಪಕ್ಕದಂಗಡಿಯ ಅಕ್ಕಸಾಲಿಗರು ಕನ್ನಡಕ ಏರಿಸುತ್ತಾ ಒಳಗೆ ಬಂದರು. "ಬಾಯಿಮಾತು ಯಾಕೆ? ತೂಗಿಬಿಡೋಣ."

"ಇದನ್ನೂ ತೂಗ್ತಾರಾ?" ಎಂದ ಫೋಟೋದವನು.

"ತೂಗಬಾರದ್ದು ಅಂತ ಪ್ರಪಂಚದಲ್ಲಿ ಏನಿದೆಯೋ?"

ಅವರು ಚಿನ್ನ ತೂಗುವ ತಕ್ಕಡಿ ತಂದರು. ದುಬಾರಿ ಡ್ರೈವ್ ಇಟ್ಟಾಗ ತಟ್ಟೆ ಅಲುಗಿತಷ್ಟೆ. ಅಗ್ಗದ್ದನ್ನು ಇಟ್ಟಾಗ ಬೀಗರು ಸೋಫಾದ ಮೇಲೆ ಕೂತ ಹಾಗೆ ಧಪ್ಪೆಂದು ಕುಸಿಯಿತು.

"ಕಂಡ್ಯಾ? ಇದರಲ್ಲಿ ಮಾಲಿದೆ. ಅದರಲ್ಲಿ ಬರೀ ಗಾಳಿ," ಎಂದು ಅಕ್ಕಸಾಲಿಗರು ತೀರ್ಪು ಕೊಟ್ಟರು. ಎದುರಂಗಡಿಯ ಸೈಕಲ್ ರಿಪೇರಿಯವನು ಅಗ್ಗದ್ದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಗಟ್ಟಿ ಸಾಮಾನು ಕಣಣ್ಣ, ಒಳಗೆ ಏನೂ ಸಡಿಲ ಇಲ್ಲ," ಎಂದು ಮೊಹರು ಒತ್ತಿದ.

ಹಗುರವಾದದ್ದು ಅಂಗಡಿಗೆ ವಾಪಸಾಯಿತು. ಮೂಲೆಯಂಗಡಿಯವನು, "ನೀವು ಜಾಣರು ಸಾರ್," ಎಂದು ಕೈ ಕುಲುಕಿದ.

ಫೋಟೋದವನು ಪರೀಕ್ಷೆಗೆಂದು ಮೊದಲು ಮದುವೆ ಊಟದ ಫೋಟೋಗಳನ್ನು ಹಾಕಿದ. ತೆರೆದು ನೋಡಿದ. ಅನ್ನದ ಅಗುಳೂ ಎಣಿಸಬಹುದಿತ್ತು. ಧೈರ್ಯ ಬಂದು ಉಳಿದ ಮದುವೆಯನ್ನೆಲ್ಲ ತುಂಬಿದ. ಇನ್ನೂ ಜಾಗವಿದೆಯಲ್ಲ ಎಂದು ಅಕ್ಕಸಾಲಿಗರು ಮೊಮ್ಮಗನ ತೊದಲು ಮಾತನ್ನೂ, ಸೈಕಲ್‌ನವನು ತನ್ನ ನಾಯಿ ನಿದ್ದೆ ಮಾಡುವ ಉದ್ದನೆಯ ವಿಡಿಯೋವನ್ನೂ ತಂದು ಸುರಿದರು. ಎಲ್ಲ ಒಳಗೆ ಹೋಯಿತು. ಫೋಟೋದವನು ಕಂಪ್ಯೂಟರನ್ನು ಬೆಳಗಿಟ್ಟ ಪಾತ್ರೆಯ ಹಾಗೆ ಖಾಲಿ ಮಾಡಿದ.

ಮಧ್ಯಾಹ್ನ ಮದುಮಗಳ ಫೋಟೋ ಒತ್ತಿದರೆ ಬೂದು ಬಣ್ಣದ ಚೌಕ ಬಂತು. ಮದುಮಗನನ್ನು ಒತ್ತಿದ. ಅವನೂ ಬೂದು. ಹೆಸರುಗಳೆಲ್ಲ ಹಾಜರು, ಮುಖಗಳೆಲ್ಲ ಗೈರುಹಾಜರು. ಊಟದ ಫೋಟೋ ಮಾತ್ರ ತೆರೆಯುತ್ತಿತ್ತು. ಕ್ಯಾಮೆರಾದ ಕಾರ್ಡಿನ ಮೇಲೆ ಆಗಲೇ ಇನ್ಯಾರದೋ ಮಗುವಿನ ಹುಟ್ಟುಹಬ್ಬ ಹತ್ತಿ ಕೂತಿತ್ತು.

ಸೈಕಲ್‌ನವನು ಸ್ಕ್ರೂಡ್ರೈವರ್ ಹಾಕಿ ಡ್ರೈವಿನ ಮುಚ್ಚಳ ಎಬ್ಬಿಸಿದ. ಒಳಗೆ ಅಂಟು ಹಾಕಿ ಕೂರಿಸಿದ ಎರಡು ದಪ್ಪ ನಟ್ಟು, ಊಟದ ಫೋಟೋಗೇ ತುಂಬಿಹೋಗುವ, ಉಗುರಿನಷ್ಟಗಲದ ಮೆಮೊರಿ ಕಾರ್ಡು. ಅಷ್ಟೆ.

"ಅಯ್ಯಯ್ಯೋ, ಇವು ನನ್ನ ನಟ್ಟು! ಹೋದ ತಿಂಗಳು ಮೂಲೆಯಂಗಡಿಯವನು ಒಂದು ಬೊಗಸೆ ತಗೊಂಡು ಹೋದ, ಮೇಜು ಅಲ್ಲಾಡ್ತಿದೆ ಅಂತ. ಎಷ್ಟು ಮೇಜಪ್ಪಾ ಇವನ ಮನೇಲಿ ಅಂದ್ಕೊಂಡೆ."

ಹೆಂಡತಿ ಬಗ್ಗಿ ಕಾರ್ಡನ್ನು ನೋಡಿದಳು. ಅದರ ಮೂಲೆಯಲ್ಲಿ ಉಗುರು ಬಣ್ಣದ ಕೆಂಪು ಚುಕ್ಕೆ. "ರೀ, ಈ ಚುಕ್ಕೆ ಇಟ್ಟಿದ್ದು ನಾನೇ. ಜಾಗ ಸಾಲಲ್ಲ ಅಂತ ನೀವು ಅವನಿಗೇ ಮಾರಿಬಂದ ಹಳೇ ಕಾರ್ಡು ಇದು!"

ಫೋಟೋದವನು ಅಕ್ಕಸಾಲಿಗರತ್ತ ತಿರುಗಿದ.

"ನನ್ನನ್ಯಾಕೆ ನೋಡ್ತೀಯೋ? ತಕ್ಕಡಿ ಸುಳ್ಳು ಹೇಳಿಲ್ಲ. ನಟ್ಟಿನ ತೂಕ ಸರಿಯಾಗೇ ತೋರಿಸಿದೆ," ಎಂದು ಅವರು ಮೆಲ್ಲಗೆ ಮೆಟ್ಟಿಲಿಳಿದರು. ಮೂಲೆಯಂಗಡಿಗೆ ಓಡಿದರೆ, ಅದಕ್ಕೆ ಅಂಗೈಯಗಲದ ಬೀಗ.

ಸಂಜೆ ಬೇಕರಿ ಯಜಮಾನರು ತಮ್ಮ ಬೇಕರಿ ಮುಚ್ಚುವವರೆಗೆ ಕಾಯದೆ, ಕೈಯಲ್ಲಿ ತಮ್ಮ ರಾತ್ರಿ ಊಟದ ಡಬ್ಬಿಯನ್ನು ಹಿಡಿದುಕೊಂಡೇ ಬಂದರು. ಫೋಟೋದವನು ಊಟದ ಫೋಟೋ ತೋರಿಸಿದ. ಅವರು ಒಂದೊಂದನ್ನೂ ನಿಧಾನವಾಗಿ ನೋಡಿದರು.

"ಇವನನ್ನ ನೋಡು, ನನ್ನ ಭಾಮೈದ. ಮೂರು ಮೇಜಲ್ಲೂ ಕೂತಿದಾನೆ. ಹೊಟ್ಟೆ ಸರಿಯಿಲ್ಲ ಅಂದಿದ್ದ, ಕಳ್ಳ." ನಕ್ಕರು. "ಸರಿ, ಮದುವೆ ತೋರಿಸು."

"ಅದು... ಇಷ್ಟೇ ಉಳಿದಿರೋದು ಯಜಮಾನ್ರೇ." ಅವನು ನಟ್ಟುಗಳನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದ.

ಯಜಮಾನರು ಒಂದು ನಟ್ಟನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದರು. "ಭಾನುವಾರ ಎಲ್ಲರಿಗೂ ಮತ್ತೆ ಅದೇ ಬಟ್ಟೆ ಹಾಕಿಸಿ ಕರ್ಕೊಂಡು ಬರ್ತೀನಿ. ಮೊದಲಿಂದ ತೆಗಿ, ಬಿಟ್ಟಿಯಾಗಿ. ಅಳಿಯ ಆಗಲೇ ದಪ್ಪ ಆಗಿದಾನೆ. ಅವನ ಕೋಟಿನ ಗುಂಡಿ ಹಾಕಿಸೋ ಜವಾಬ್ದಾರಿನೂ ನಿಂದೇ."

ಫೋಟೋದವನು ತಲೆಯಾಡಿಸಿದ. ತೆಗೆದದ್ದನ್ನು ಎಲ್ಲಿಡುವುದೆಂದು ಕೇಳುವ ಧೈರ್ಯ ಬರಲಿಲ್ಲ.

ಬಾಗಿಲ ತನಕ ಹೋದವರು ನಿಂತರು.

"ಊರೆಲ್ಲ ಉಂಡಿದ್ದು ಇದರಲ್ಲಿದೆ. ಅವತ್ತು ನೀನು ಉಂಡ್ಯೇನೋ?"

"ಫೋಟೋ ತೆಗೀತಾ ನಿಂತಿದ್ದೆ ಯಜಮಾನ್ರೇ," ಎಂದ. ಯಜಮಾನರು ಹಿಂದಕ್ಕೆ ಬಂದು, ಕೈಯಲ್ಲಿದ್ದ ಡಬ್ಬಿಯನ್ನು ಅವನ ಕೈಗಿಟ್ಟು, ಹೊರಟುಹೋದರು.