ಅಕ್ಕನ ಕತ್ತಿ, ನನ್ನ ಅಂಗೈ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಒಡಹುಟ್ಟಿದ ಅಕ್ಕ ಯಾವ ಕೈಯಲ್ಲಿ ಕತ್ತಿ ಹಿಡಿಯುತ್ತಾಳೆ ಎಂಬುದನ್ನು ನಾನು ಮೂವತ್ತೆರಡು ವರ್ಷ ಗಮನಿಸಲಿಲ್ಲ. ಗಮನಿಸಲಿಲ್ಲ ಎಂದರೆ ಕಣ್ಣಿಗೆ ಬಿದ್ದಿಲ್ಲ ಎಂದಲ್ಲ, ಸಾವಿರ ಸಲ ಬಿದ್ದಿರಬೇಕು. ಮನೆಯ ಹೊಸ್ತಿಲನ್ನು ದಿನಾ ದಾಟುತ್ತೇವೆ, ಅದರ ಮೇಲೆ ಎಷ್ಟು ಬಿರುಕಿದೆ ಎಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. ನನಗೆ ಅಕ್ಕ ಹಾಗೆ ಆಗಿಹೋಗಿದ್ದಳು. ನಾನು ಓದಿದ್ದು ಮೂರನೇ ಕ್ಲಾಸು. ನಾಲ್ಕನೆಯದಕ್ಕೆ ಹೋಗಿದ್ದರೆ ಇದನ್ನು ಅಲ್ಲಿ ಹೇಳಿಕೊಡುತ್ತಿದ್ದರೋ ಏನೋ ಎಂದು ಒಮ್ಮೊಮ್ಮೆ ಸಮಾಧಾನ ಮಾಡಿಕೊಳ್ಳುತ್ತೇನೆ.

ಇದು ಕೊಡಗು ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲದ ಮಾತು. ನಾವು ಮೂಲದಲ್ಲಿ ಹಾಸನದ ಕಡೆಯವರು. ನಾನು ಅಮ್ಮನ ಸೊಂಟದ ಮೇಲೆ ಕೂತು, ಅಕ್ಕ ಅಪ್ಪನ ಬೆರಳು ಹಿಡಿದು ಕಾವೇರಿ ದಾಟಿ ಫ್ರೇಸರ್‌ಪೇಟೆಯ ಕಡೆ ಬಂದು ನೆಲೆನಿಂತೆವು. ಅಪ್ಪ ಅಮ್ಮ ಹೋದಮೇಲೆ ನಾನು ಮಡಿಕೇರಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ಮೇಸ್ತ್ರಿಯಾದೆ. ಗೌರಕ್ಕ ಮಾತ್ರ ಹೊಳೆಯ ಕಡೆಯೇ ಉಳಿದಳು. ಭಾವ ದುಬಾರೆಯ ಕಾಡಿನಲ್ಲಿ ಮರ ಸಾಗಿಸುವ ಕೆಲಸಕ್ಕೆ ಹೋಗಿ ವಾರಕ್ಕೊಮ್ಮೆ ಮುಖ ತೋರಿಸುವವರು. ಆ ವರ್ಷ ಅವಳಿಗೆ ಕಾಡಿನಂಚಿನಲ್ಲಿ ಎರಡು ಎಕರೆ ಬೀಳುಭೂಮಿ ಸಿಕ್ಕಿತ್ತು. ಭೂಮಿ ಎಂದು ಕರೆಯುವುದು ಕಾಗದದ ಮೇಲೆ ಮಾತ್ರ. ಅಲ್ಲಿ ಹೋಗಿ ನಿಂತರೆ ಕಾಣುವುದು ಆಳೆತ್ತರದ ಲಂಟಾನ, ನಡುನಡುವೆ ಮುಳ್ಳುಬಿದಿರು. ಮಳೆ ಹಿಡಿಯುವುದರೊಳಗೆ ಅದನ್ನೆಲ್ಲ ಕಡಿದು ಸುಟ್ಟು ರಾಗಿ ಚೆಲ್ಲಬೇಕು, ಆ ವರ್ಷವೇ ಸಾಗುವಳಿ ಕಾಣದಿದ್ದರೆ ಜಮೀನು ಬೇರೆಯವರ ಪಾಲಾಗುತ್ತದೆ ಎಂದು ಕಂದಾಯದ ಪಾರುಪತ್ಯಗಾರರು ಬಂದು ನೋಡಿ ಹೇಳಿ ಹೋಗಿದ್ದರಂತೆ. ಶಿವರಾತ್ರಿಯ ಮಾರನೇ ವಾರ ಅಕ್ಕ ನನಗೆ ಹೇಳಿಕಳಿಸಿದಳು. ಅಪ್ಪನ ಕಾಲದ ಕತ್ತಿ ಸವೆದು ಗೇಣುದ್ದ ಉಳಿದಿದೆ, ಮಡಿಕೇರಿಯಲ್ಲಿ ಒಳ್ಳೆಯ ಕಮ್ಮಾರರಿದ್ದಾರೆ, ನೀನು ನಾಲ್ಕು ಜನರ ನಡುವೆ ಇರುವವನು, ನೋಡಿ ಆರಿಸಿ ಒಂದು ಕತ್ತಿ ತಂದುಕೊಡು ಎಂದು. ಆರಿಸಿ ಎಂಬ ಮಾತು ಕೇಳಿ ನನ್ನ ಎದೆ ಸ್ವಲ್ಪ ಉಬ್ಬಿತು ಎಂದೂ ಒಪ್ಪಿಕೊಳ್ಳುತ್ತೇನೆ.

ಕತ್ತಿಯ ವಿಷಯದಲ್ಲಿ ನನಗೆ ಆಗಲೇ ಒಂದು ಅನುಭವವಿತ್ತು. ಹಿಂದಿನ ವರ್ಷ ಮಡಿಕೇರಿಯ ಅಂಗಡಿಯೊಂದರ ಗಾಜಿನ ಪೆಟ್ಟಿಗೆಯಲ್ಲಿ ಬಿಳಿ ಹಿಡಿಯ ಮಡಚುವ ಚಾಕು ನೋಡಿ ಮನಸೋತು ಕೊಂಡಿದ್ದೆ. ಅದರಲ್ಲಿ ಎರಡು ಅಲಗು, ಜೊತೆಗೆ ಹಂದಿಯ ಬಾಲದ ಹಾಗೆ ಸುರುಳಿ ಸುತ್ತಿದ ಒಂದು ತಂತಿ. ಆ ತಂತಿ ಯಾತಕ್ಕೆ ಎಂದು ಆರು ತಿಂಗಳು ಯೋಚಿಸಿದೆ. ಕಿವಿಗೆ ಇರಬಹುದು ಎಂದು ಒಮ್ಮೆ ಹತ್ತಿರ ತಂದು ಧೈರ್ಯ ಸಾಲದೆ ಬಿಟ್ಟೆ. ಕೊನೆಗೆ ಬಂಗಲೆಯ ಬಟ್ಲರು ಅದು ಸೀಸೆಯ ಬಿರಡೆ ಎಳೆಯುವುದಕ್ಕೆ ಎಂದು ಹೇಳಿದ. ನಮ್ಮ ಕೂಲಿಯವರ ಲೈನುಮನೆಗಳಿಗೆ ಬರುವ ಸೀಸೆಗಳ ಬಿರಡೆ ದಾರಿಯಲ್ಲೇ ಬಿಚ್ಚಿರುತ್ತದೆ. ಇರಲಿ. ಒಂದು ದಿನ ತೋಟದಲ್ಲಿ ಹಗ್ಗ ಕೊಯ್ಯುವಾಗ ಆ ಚಾಕು ನನ್ನ ಬೆರಳನ್ನು ಒಳಗಿಟ್ಟುಕೊಂಡೇ ಮಡಚಿಕೊಂಡಿತು. ಅಂದಿನಿಂದ ಒಂದು ವಿಷಯದಲ್ಲಿ ನನಗೆ ಗೊಂದಲವಿರಲಿಲ್ಲ. ಕಾಡಿಗೆ, ತೋಟಕ್ಕೆ ಮಡಚುವ ಸಾಮಾನು ಬೇಡ, ಅಲಗು ಹಿಡಿಯೊಳಗೆ ಗಟ್ಟಿಯಾಗಿ ಕೂತಿರಬೇಕು. ನನ್ನ ಪೂರ್ತಿ ಜ್ಞಾನ ಇಷ್ಟೇ. ಇಷ್ಟು ಇಟ್ಟುಕೊಂಡು ಶುಕ್ರವಾರದ ಸಂತೆಗೆ ಹೊರಟೆ.

ಬಸ್ಸಿನಲ್ಲಿ ಪಕ್ಕದವರಿಗೆ ಸುಮ್ಮನೆ ವಿಷಯ ಹೇಳಿದ್ದೇ ತಪ್ಪಾಯಿತು. ಹಾಸನದ ಕಡೆ ನಮಗೆ ಇದ್ದದ್ದು ಒಂದು ಕುಡುಗೋಲು, ಒಂದು ಮಚ್ಚು. ಹುಲ್ಲಾದರೆ ಇದು, ಸೌದೆಯಾದರೆ ಅದು. ಕೊಡಗಿನಲ್ಲಿ ಕತ್ತಿಯ ಬಗ್ಗೆ ಅಭಿಪ್ರಾಯವಿಲ್ಲದ ಮನುಷ್ಯನೇ ಇಲ್ಲ. ಬೆನ್ನ ಹಿಂದೆ ಕತ್ತಿ ಸಿಕ್ಕಿಸಿಕೊಂಡಿದ್ದ ಹಿರಿಯ ಕೊಡವರೊಬ್ಬರು, ಭಾರವೆಲ್ಲ ಮುಂದೆ ಇರಬೇಕು, ಆಗ ನೀನು ಬೀಸಿದರೆ ಸಾಕು, ಮಿಕ್ಕದ್ದನ್ನು ಅದೇ ನೋಡಿಕೊಳ್ಳುತ್ತದೆ ಎಂದರು. ಹಿಂದಿನ ಸೀಟಿನ ಅರೆಭಾಷೆ ಗೌಡರು ತುದಿಯಲ್ಲಿ ಕೊಕ್ಕೆ ಇಲ್ಲದ ಕತ್ತಿ ಕತ್ತಿಯೇ ಅಲ್ಲ, ಬಳ್ಳಿಯನ್ನು ಎಳೆಯುವುದು ಯಾತರಿಂದ ಎಂದು ಕೇಳಿದರು. ಬಿಟ್ಟಂಗಾಲದಿಂದ ಬಂದಿದ್ದವರೊಬ್ಬರು ಭಾರವೂ ಬೇಡ ಕೊಕ್ಕೆಯೂ ಬೇಡ, ಉದ್ದವೊಂದು ಸರಿಯಾಗಿರಲಿ, ಮೊಣಕೈಯಿಂದ ಮಣಿಕಟ್ಟಿನವರೆಗೆ ಎಂದರು. ನಾನು ಮೂವರಿಗೂ ತಲೆಯಾಡಿಸಿದೆ. ಮಡಿಕೇರಿಯಲ್ಲಿ ಇಳಿಯುವಾಗ ನನ್ನ ತಲೆಯೊಳಗಿದ್ದ ಕತ್ತಿ ಮುಂದೆ ಭಾರವಾಗಿ, ಹಗುರವಾಗಿ, ಕೊಕ್ಕೆಯಿದ್ದು, ಕೊಕ್ಕೆಯಿಲ್ಲದೆ, ಯಾರ ಮೊಣಕೈ ಅಳತೆ ಎಂದು ಗೊತ್ತಿಲ್ಲದೆ ನೇತಾಡುತ್ತಿತ್ತು.

ಸಂತೆಯ ಅಂಚಿನಲ್ಲಿ ಚಾತು ಆಚಾರಿಯ ಕುಲುಮೆ. ಮಲೆಯಾಳದ ಕಡೆಯಿಂದ ಬಂದು ಮಡಿಕೇರಿಯಲ್ಲೇ ಮುದುಕನಾದ ಕಮ್ಮಾರ. ಅವನ ಗೋಡೆಯ ಮೇಲೆ ಸಾಲಾಗಿ ನೇತುಹಾಕಿದ್ದ ಕತ್ತಿಗಳನ್ನು ನೋಡಿ ನನಗೆ ಮದುವೆಗೆ ಹೆಣ್ಣು ನೋಡಲು ಹೋದಾಗಲೂ ಆಗದಿದ್ದಷ್ಟು ಗಲಿಬಿಲಿಯಾಯಿತು. ಒಂದನ್ನು ಎತ್ತಿದೆ, ಚೆನ್ನಾಗಿತ್ತು. ಇನ್ನೊಂದನ್ನು ಎತ್ತಿದೆ, ಅದೂ ಚೆನ್ನಾಗಿತ್ತು. ಮೂರನೆಯದನ್ನು ಎತ್ತಿದಾಗ ಮೊದಲನೆಯದು ಯಾವುದು ಎಂದು ಮರೆತುಹೋಯಿತು. ಆಚಾರಿ ತಿದಿ ಒತ್ತುವುದನ್ನು ನಿಲ್ಲಿಸಿ ಒಂದೊಂದೇ ಪ್ರಶ್ನೆ ಕೇಳತೊಡಗಿದ. ಕಡಿಯುವುದು ಏನನ್ನು? ಲಂಟಾನ ಎಂದೆ. ಬಿದಿರು ಇದೆಯೋ? ಇದೆ. ಹಾಗಾದರೆ ಒಂದೇ ಮಗ್ಗುಲಿಗೆ ಸಾಣೆ ಹಿಡಿದದ್ದು ಬೇಕು, ಅದೇ ಕಚ್ಚಿಕೊಂಡು ಹೋಗುವುದು ಎಂದ. ಹಿಡಿ ಎಷ್ಟು ದಪ್ಪ ಎಂದು ಕೇಳಿದ. ನಾನು ಏನು ಹೇಳಲಿ ಎಂದು ತಡವರಿಸುವಾಗ ಅಂಗೈ ತೋರಿಸಲು ಹೇಳಿದ. ತೋರಿಸಿದೆ. ಅವನು ದಾರ ಸುತ್ತಿ ಅಳತೆ ತೆಗೆದುಕೊಂಡ. ಅಕ್ಕನ ಕತ್ತಿಗೆ ನನ್ನ ಅಂಗೈ ಯಾಕೆ ಎಂದು ಅವನಿಗೂ ಹೊಳೆಯಲಿಲ್ಲ, ಯಾಕೆಂದರೆ ಕತ್ತಿ ಅಕ್ಕನಿಗೆ ಎಂದು ನಾನು ಇನ್ನೂ ಹೇಳಿರಲೇ ಇಲ್ಲ. ಹೇಳಿದ್ದು ಆಮೇಲೆ, ಅವನು ಅಲಗನ್ನು ಬೆಂಕಿಗಿಟ್ಟು, ಸಾಣೆ ಯಾವ ಮಗ್ಗುಲಿಗೆ ಹಿಡಿಯಲಿ, ಯಾವ ಕೈ ಎಂದು ಕೇಳಿದಾಗ.

"ಕೈ ನನ್ನದಲ್ಲ, ನಮ್ಮಕ್ಕಂದು" ಎಂದೆ.

"ಹಾಗಾದ್ರೆ ಅವ್ರು ಯಾವ ಕೈಯಲ್ಲಿ ಕಡಿಯೋದು?"

ನಾನು ಕಣ್ಣು ಮುಚ್ಚಿ ಅಕ್ಕನನ್ನು ನೆನೆದುಕೊಂಡೆ. ಅನ್ನ ಬಡಿಸುತ್ತಿದ್ದಳು, ಬಲಗೈಯಲ್ಲಿ. ದೀಪ ಹಚ್ಚುತ್ತಿದ್ದಳು, ಬಲಗೈಯಲ್ಲಿ. ಚಿಕ್ಕಂದಿನಲ್ಲಿ ನನ್ನ ಬೆನ್ನಿಗೆ ಗುದ್ದುತ್ತಿದ್ದಳು, ಅದು ಯಾವ ಕೈಯೋ, ಬೆನ್ನಿಗೆ ಕಣ್ಣಿಲ್ಲ. ಕತ್ತಿ ಹಿಡಿದ ಅಕ್ಕ ಮಾತ್ರ ಎಷ್ಟು ಕರೆದರೂ ನನ್ನ ಕಣ್ಣೊಳಗೆ ಬರಲಿಲ್ಲ. ಆಚಾರಿ ನನ್ನ ಮುಖ ನೋಡಿ, ಕೇಳಿಕೊಂಡು ಬನ್ನಿ, ಮುಂದಿನ ಸಂತೆಗೆ ಮಾಡಿಕೊಡುತ್ತೇನೆ, ಅವಸರವೇನು ಎಂದ. ನನಗೆ ಅವಮಾನವಾಯಿತು. ಒಡಹುಟ್ಟಿದವಳ ಕೈ ಯಾವುದು ಎಂದು ಇಪ್ಪತ್ತು ಮೈಲಿ ಹೋಗಿ ಕೇಳಿಕೊಂಡು ಬರುವುದೇ? "ಬಲಗೈ. ನಮ್ಮ ಮನೇಲಿ ಎಲ್ಲಾ ಬಲಗೈಯೇ" ಎಂದುಬಿಟ್ಟೆ. ಅವನು ಹಾಗೆಯೇ ಮಾಡಿಕೊಟ್ಟ.

ಕತ್ತಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಕೊಟ್ಟವರಿಗೂ ತೆಗೆದುಕೊಂಡವರಿಗೂ ಜಗಳವಾಗುತ್ತದೆ ಎಂಬುದು ನಮ್ಮಮ್ಮನ ಕಟ್ಟಳೆ. ಒಬ್ಬರು ನೆಲಕ್ಕಿಡಬೇಕು, ಇನ್ನೊಬ್ಬರು ಎತ್ತಿಕೊಳ್ಳಬೇಕು. ಆ ಭಾನುವಾರ ಅಕ್ಕನ ಮನೆಯ ಜಗಲಿಯ ಮೇಲೆ ಕತ್ತಿಯಿಟ್ಟು ನಾನು ಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಬರುವಷ್ಟರಲ್ಲಿ ಅವಳು ಎತ್ತಿಕೊಂಡಾಗಿತ್ತು. ಕೈಗೇ ಕೊಟ್ಟಿದ್ದರೆ ಯಾವ ಕೈ ಮುಂದೆ ಬರುತ್ತದೆ ಎಂದು ಅಲ್ಲೇ ಕಾಣುತ್ತಿತ್ತು. ಜಗಳ ತಪ್ಪಿಸುವ ಶಾಸ್ತ್ರ ನನ್ನ ಕಣ್ಣನ್ನೂ ತಪ್ಪಿಸಿತು. ಹೇಗಿದೆ ಎಂದು ಕೇಳಿದೆ. ಹಿಡಿ ಸ್ವಲ್ಪ ದಪ್ಪ ಅಲ್ವೇನೋ ಎಂದಳು. ಗಟ್ಟಿಮುಟ್ಟಾಗಿರಲಿ ಅಂತ ಹೇಳಿ ಮಾಡಿಸಿದ್ದು ಎಂದೆ. ಅವಳು ಕತ್ತಿಯನ್ನು ಒಳಗೆ ಒಯ್ದಳು. ಅಕ್ಕ ಮತ್ತೇನೂ ಹೇಳದಿದ್ದರೆ ಒಪ್ಪಿದ್ದಾಳೆ ಎಂದು ತಿಳಿಯುವುದು ನನ್ನ ಹಳೆಯ ಅಭ್ಯಾಸ.

ಯುಗಾದಿಗೆ ಹೋದಾಗ ನೋಡುತ್ತೇನೆ, ಕತ್ತಿ ಬಾಗಿಲ ಮೇಲಿನ ಗೂಟದಲ್ಲಿ ತೂಗುತ್ತಿದೆ. ಅದಕ್ಕೆ ಅರಿಶಿನ ಕುಂಕುಮ, ಮಾವಿನೆಲೆ. ತಮ್ಮ ತಂದದ್ದು ಎಂದು ದೇವರ ಹಾಗೆ ಇಟ್ಟಿದ್ದಾಳಲ್ಲ ಎಂದುಕೊಂಡು ಒಬ್ಬಟ್ಟು ಒಂದು ಹೆಚ್ಚಾಗಿಯೇ ತಿಂದೆ. ಆದರೆ ತಲೆಯೊಳಗೆ ಒಂದು ಲೆಕ್ಕ ಕೂಡಲಿಲ್ಲ. ಹೊಸ ಕತ್ತಿ ಬಂದು ಎರಡು ವಾರ ದಾಟಿದೆ, ಎರಡು ಎಕರೆಯಲ್ಲಿ ಕಾಲು ಭಾಗವೂ ಬಯಲಾಗಿಲ್ಲ. ಅವಳ ಎಡ ಮೊಣಕಾಲ ಕೆಳಗೆ ಒಂದು ಬಟ್ಟೆಪಟ್ಟಿ. ಕೇಳಿದರೆ ಬಿದಿರುಮುಳ್ಳು ಎಂದಳು. ಮುಳ್ಳು ಚುಚ್ಚಿದರೆ ಗೇಣುದ್ದ ಪಟ್ಟಿ ಯಾಕೆ ಎಂದು ಕೇಳಬೇಕಿತ್ತು. ನಾನು ಇನ್ನೊಂದು ಒಬ್ಬಟ್ಟು ಕೇಳಿದೆ.

ಮಾರನೇ ಬೆಳಿಗ್ಗೆ ಕಾಡಿನಂಚಿನಿಂದ ಟಕ್ ಟಕ್ ಎಂಬ ಸದ್ದು ಬರುತ್ತಿತ್ತು. ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡು ಆ ಕಡೆ ನಡೆದೆ. ಲಂಟಾನದ ಮೆಳೆಯ ಮುಂದೆ ಅಕ್ಕ ಬಗ್ಗಿ ನಿಂತಿದ್ದಳು. ಬಲಗೈಯಲ್ಲಿ ಕೊಂಬೆಯನ್ನು ಹಿಡಿದು ಬಗ್ಗಿಸುತ್ತಿದ್ದಳು. ಎಡಗೈಯಲ್ಲಿ ಅಪ್ಪನ ಗೇಣುದ್ದದ ಮೊಂಡುಕತ್ತಿ. ಒಂದು ಕೊಂಬೆಗೆ ಏಳೆಂಟು ಏಟು. ಆದರೂ ಎಡಗೈ ಎಷ್ಟು ಸಲೀಸಾಗಿ ಏಳುತ್ತಿತ್ತು, ಬೀಳುತ್ತಿತ್ತು ಎಂದರೆ, ಇದು ಮೊನ್ನೆ ಕಲಿತದ್ದಲ್ಲ, ಹುಟ್ಟಿದಂದಿನಿಂದ ಅವಳದ್ದು ಎಂದು ಕುರುಡನಿಗೂ ತಿಳಿಯುತ್ತಿತ್ತು. ನನ್ನ ಬಾಯಿಂದ ಬೇವಿನಕಡ್ಡಿ ಬಿತ್ತು. ಬಲಗೈಯ ಮಗ್ಗುಲಿಗೆ ಸಾಣೆ ಹಿಡಿಸಿ ನಾನು ತಂದ ಕತ್ತಿ ಎಡಗೈಯಲ್ಲಿ ಹಿಡಿದರೆ ಕಚ್ಚುವುದಿಲ್ಲ, ಜಾರುತ್ತದೆ. ಜಾರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವಳ ಕಾಲಿನ ಪಟ್ಟಿ ಹೇಳುತ್ತಿತ್ತು.

"ನೀನು ಎಡಗೈಯವಳೇನಕ್ಕ?" ಎಂದೆ. ಮೂವತ್ತೆರಡು ವರ್ಷದ ತಮ್ಮ ಕೇಳುವ ಪ್ರಶ್ನೆ ಇದು.

ಅಕ್ಕ ತಿರುಗಿ ನೋಡಿದಳು. "ಅದನ್ನ ಕಂಡುಹಿಡಿದವನೇ ನೀನಲ್ವೇನೋ ನಂಜ?" ಎಂದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನಾನೂ ನಾಲ್ಕು ಮಾತಾಡಿ ಬಚಾವಾಗುತ್ತಿದ್ದೆ.

ಆಗ ನನಗೆ ಬೆಲ್ಲ ನೆನಪಾಯಿತು. ನನಗೆ ಐದೋ ಆರೋ ವರ್ಷ. ಅಕ್ಕ ಎಡಗೈಯಲ್ಲಿ ಉಣ್ಣುತ್ತಾಳೆ ಎಂದು ಮೊದಲು ಅಮ್ಮನಿಗೆ ಹೇಳಿದವನು ನಾನೇ. ಮುಂದೆ ಗಂಡನ ಮನೆಯಲ್ಲಿ ಏನಂದಾರು ಎಂದು ಅಮ್ಮನಿಗೆ ದಿಗಿಲು. ಊಟದ ಹೊತ್ತಿಗೆ ಅಕ್ಕನ ಎಡಗೈಯನ್ನು ಹಳೆಯ ಸೀರೆಯ ಚೂರಿನಿಂದ ಸೊಂಟಕ್ಕೆ ಕಟ್ಟುತ್ತಿದ್ದಳು. ಉಳಿದ ಹೊತ್ತು ಕಾವಲು ನನ್ನದು. ಅಕ್ಕ ಎಡಗೈಯಲ್ಲಿ ಲೋಟ ಎತ್ತಿದಳು ಎಂದು ಓಡಿಬಂದು ಹೇಳಿದರೆ ನನಗೊಂದು ಚೂರು ಬೆಲ್ಲ. ನಾನು ಬಹಳ ಒಳ್ಳೆಯ ಕಾವಲುಗಾರನಾಗಿದ್ದೆ. ಬೆಲ್ಲ ಮುಗಿದ ದಿನ ಅಕ್ಕನ ಕೈ ನೋಡುವುದನ್ನೂ ಬಿಟ್ಟೆ. ಅವಳು ಮನೆಯೊಳಗೆ, ಜನರ ಮುಂದೆ ಎಲ್ಲವನ್ನೂ ಬಲಗೈಯಲ್ಲಿ ಮಾಡುವುದನ್ನು ಕಲಿತಳು. ಕಾಡಿನಂಚಿನಲ್ಲಿ, ಯಾರೂ ಇಲ್ಲದ ಕಡೆ, ತನ್ನ ಕೈಯನ್ನು ತಾನು ವಾಪಸು ತೆಗೆದುಕೊಳ್ಳುತ್ತಿದ್ದಳು.

ತಪ್ಪಾಯಿತು ಎಂದು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. ಬಂದ ಮಾತು, ಈ ಸಲ ಮಳೆ ಬೇಗ ಹಿಡಿಯೋ ಹಾಗಿದೆ ಎಂಬುದು. ಹೌದು ಎಂದಳು.

ಮುಂದಿನ ಶುಕ್ರವಾರ ಮತ್ತೆ ಕುಲುಮೆಗೆ ಹೋದೆ. ಈ ಸಲ ಅಕ್ಕನ ಎಡ ಅಂಗೈಯ ಅಳತೆಯನ್ನು ದಾರದಲ್ಲಿ ಗಂಟು ಹಾಕಿ ಒಯ್ದಿದ್ದೆ. ಆಚಾರಿ ದಾರ ನೋಡಿದ, ನನ್ನನ್ನು ನೋಡಿದ. "ನಾನು ಆವತ್ತೇ ಹೇಳಿದೆ, ಕೇಳ್ಕೊಂಡು ಬನ್ನಿ ಅಂತ" ಎಂದು ಮೀಸೆಯೊಳಗೆ ನಕ್ಕು, ಶಿಕ್ಷೆಯೋ ಎಂಬಂತೆ ತಿದಿ ಒತ್ತಲು ನನ್ನನ್ನೇ ಕೂರಿಸಿದ. ಸಾಣೆಯನ್ನು ಆಚೆ ಮಗ್ಗುಲಿಗೆ ಹಿಡಿದ. ಕೊಕ್ಕೆ, ಭಾರ, ಉದ್ದ ಯಾವುದನ್ನೂ ನಾನು ಈ ಸಲ ಕೇಳಲಿಲ್ಲ. ಬಸ್ಸಿನಲ್ಲಿ ಯಾರೊಂದಿಗೂ ಮಾತಾಡಲೂ ಇಲ್ಲ.

ಎಸ್ಟೇಟಿನಲ್ಲಿ ಹತ್ತು ದಿನ ರಜೆ ಕೇಳಿ ಅಕ್ಕನ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದಳು. ನಾನು ಕತ್ತಿಯನ್ನು ನೆಲಕ್ಕಿಡದೆ ಹಿಡಿಯ ಕಡೆ ಅವಳತ್ತ ತಿರುಗಿಸಿ ಚಾಚಿದೆ. ಅವಳು ಮೊರ ಕೆಳಗಿಟ್ಟು ನನ್ನ ಮುಖ ನೋಡಿದಳು.

"ಕೆಳಗಿಡೋ. ಜಗಳ ಆಗುತ್ತೆ ಅಂತ ಅಮ್ಮ ಹೇಳ್ತಿರ್ಲಿಲ್ವಾ?"

"ಆಗ್ಲಿ ತಗೋ. ಒಂದ್ಸಲನಾದ್ರೂ ನನ್ನ ಬಯ್ಯಿ."

ಸ್ವಲ್ಪ ಹೊತ್ತು ಅವಳ ಎರಡು ಕೈಗಳೂ ಮಡಿಲಲ್ಲೇ ಇದ್ದವು. ಆಮೇಲೆ ಬಲಗೈ ಒಂದಿಷ್ಟು ಮುಂದೆ ಬಂತು, ಅಭ್ಯಾಸಬಲ. ನಿಂತಿತು. ಹಿಂದೆ ಹೋಯಿತು. ಎಡಗೈ ಬಂದು ಹಿಡಿಯನ್ನು ಸುತ್ತಿಕೊಂಡಿತು. ಎಷ್ಟು ಬೇಕೋ ಅಷ್ಟೇ ದಪ್ಪ.

ಗೂಟದ ಮೇಲಿನ ಹಳೆಯ ಹೊಸ ಕತ್ತಿಯನ್ನು ನಾನು ಇಳಿಸಿಕೊಂಡೆ. ಕುಂಕುಮ ಒರೆಸಿ ಹಿಡಿದರೆ, ಹೇಳಿ ಮಾಡಿಸಿದ ಹಾಗೆ ನನ್ನ ಅಂಗೈಗೆ ಕೂತಿತು. ಕೂರದೆ ಏನು? ಅಳತೆ ಕೊಟ್ಟವನು ನಾನೇ, ಬಲಗೈ ಎಂದವನೂ ನಾನೇ. ಅಕ್ಕನಿಗೆಂದು ಸಂತೆಯೆಲ್ಲ ಸುತ್ತಿ, ಊರಿನವರ ಬುದ್ಧಿಯೆಲ್ಲ ಕೇಳಿ, ಕೊನೆಗೆ ನನಗೆ ಒಪ್ಪುವ ಕತ್ತಿಯನ್ನು ನಾನು ಆರಿಸಿದ್ದೆ. ಮೆಳೆಯ ಈ ಕಡೆಯಿಂದ ನಾನು, ಆ ಕಡೆಯಿಂದ ಅವಳು ಕಡಿಯುತ್ತ ಹೋದೆವು. ಅವಳ ಕಡೆ ಒಂದೇ ಏಟಿಗೆ ಕೊಂಬೆ ಬೀಳುತ್ತಿತ್ತು. ಮೇಸ್ತ್ರಿಯಾಗಿ ಬೇರೆಯವರ ಕೆಲಸ ನೋಡಿಯೇ ಬದುಕಿದ ನನ್ನ ಅಂಗೈ ಎರಡನೇ ದಿನಕ್ಕೆ ಬೊಬ್ಬೆ ಎದ್ದಿತು. ಅಕ್ಕ ಅರಿಶಿನ ಕಲಸಿಟ್ಟಳು. ನಾನು ದಿನಕ್ಕೆ ನಾಲ್ಕು ಸಲ ಗಂಟಲು ಸರಿಮಾಡಿಕೊಂಡು ಮಳೆಯ ಬಗ್ಗೆ ಮಾತಾಡುತ್ತಿದ್ದೆ. ಇಷ್ಟೊಂದು ಮಳೆಯ ಚಿಂತೆ ಮಾಡುವ ಮೇಸ್ತ್ರಿಯನ್ನು ತಾನು ನೋಡಿಲ್ಲ ಎಂದು ಅವಳೇ ಒಮ್ಮೆ ಅಂದಳು.

ಒಂಬತ್ತನೆಯ ದಿನ ನಮ್ಮಿಬ್ಬರ ನಡುವೆ ಉಳಿದಿದ್ದ ಕೊನೆಯ ಮೆಳೆ ಬಿತ್ತು. ಅದರಾಚೆ ಅಕ್ಕ ಕಂಡಳು, ಮೈಯೆಲ್ಲ ಲಂಟಾನದ ವಾಸನೆ, ಎಡಗೈಯಲ್ಲಿ ಕತ್ತಿ. ಅದನ್ನು ಕೆಳಗಿಟ್ಟು, ಮಡಿಲಿನ ಗಂಟು ಬಿಚ್ಚಿ, ಬಾಯಾರಿದ್ದೀಯ ಎಂದು ಒಂದು ಚೂರು ಬೆಲ್ಲ ನನ್ನ ಮುಂದೆ ಹಿಡಿದಳು. ಹಿಡಿದದ್ದು ಎಡಗೈಯಲ್ಲೇ. ಬೇಕೆಂದು ಹಿಡಿದಳೋ, ಮರೆತು ಹಿಡಿದಳೋ, ಇಂದಿಗೂ ನನಗೆ ಗೊತ್ತಾಗಿಲ್ಲ. ಮಳೆಯ ಮಾತು ಹುಡುಕಿದೆ, ಸಿಗಲಿಲ್ಲ.

"ಅಕ್ಕ," ಎಂದೆ, "ಕತ್ತಿ ತಪ್ಪಾಗಿ ತಂದೆ, ಅದು ನಂದೇ ತಪ್ಪು. ಆವತ್ತು ನಿನ್ನ ಕೈ ಕಟ್ಸಿ ಬೆಲ್ಲ ತಿಂದ್ನಲ್ಲ, ಅದೂ ತಪ್ಪಾಯ್ತು ಕಣಕ್ಕ."